ಆರ್ಥರ್ ಕತ್ತಿ ಕಿತ್ತನಂತೆ: ಮಧ್ಯಯುಗದ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡುವಾಗ

ಮಧ್ಯಯುಗದ ಯುರೋಪಿನ ಬಗ್ಗೆ ಇಂಗ್ಲಿಷಿನಲ್ಲಿ ಮಾತಾಡಬೇಕು ಅಂದ ಕೂಡಲೇ ಕಲಿಯುವವರು ಪದಗಳ ಪಟ್ಟಿ ಮಾಡಿಕೊಳ್ಳುತ್ತಾರೆ. ನೈಟ್, ಕ್ಯಾಸಲ್, ಆರ್ಮರ್, ಸೀಜ್, ಡ್ರ್ಯಾಗನ್. ಇವೆಲ್ಲ ಬೇಕು, ಅನುಮಾನ ಇಲ್ಲ. ಆದರೆ ಇವು ಸುಲಭದ ಪದಗಳು. ಚಿತ್ರ ತೋರಿಸಿದರೂ ತಲೆಗೆ ಹತ್ತುತ್ತವೆ. ಇಂಗ್ಲಿಷ್ ಮಾತುಗಾರಿಕೆ ಕಲಿಸುವಾಗ ನಾನು ಮತ್ತೆ ಮತ್ತೆ ನೋಡುವ ತೊಡಕು ಬೇರೆ. ಬ್ರಿಟನ್ನಿನ ದಂತಕಥೆಯ ರಾಜ ಆರ್ಥರ್ ಬಗ್ಗೆ ಒಬ್ಬರು ಎದ್ದು ನಿಂತು, ‘ಆರ್ಥರ್ ಪುಲ್ಡ್ ದ ಸೋರ್ಡ್ ಫ್ರಮ್ ದ ಸ್ಟೋನ್’ ಅನ್ನುತ್ತಾರೆ. ವ್ಯಾಕರಣ ಸರಿ, ಉಚ್ಚಾರವೂ ಸರಿ. ಆದರೆ ಆರ್ಥರ್ ನಿಜವಾಗಿಯೂ ಕಲ್ಲಿನಿಂದ ಕತ್ತಿ ಕಿತ್ತ, ಅದಕ್ಕೆ ಸಾಕ್ಷಿ ಇದೆ ಅಂತ ಹೇಳಿದ ಹಾಗಾಯಿತು.

ಇದೇ ಮಾತನ್ನು ಅವರು ಕನ್ನಡದಲ್ಲಿ ಹೇಳಿದ್ದರೆ ‘ಕಿತ್ತ’ ಅನ್ನುತ್ತಿರಲಿಲ್ಲ. ‘ಕಿತ್ತನಂತೆ’ ಅನ್ನುತ್ತಿದ್ದರು. ನಾನು ನೋಡಿಲ್ಲ, ಹೀಗೆ ಹೇಳುತ್ತಾರೆ, ಜವಾಬ್ದಾರಿ ನನ್ನದಲ್ಲ. ಇಷ್ಟನ್ನೂ ‘ಅಂತೆ’ ಅನ್ನುವ ಪುಟ್ಟ ಬಾಲ ಹೊತ್ತುಕೊಳ್ಳುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಬಾಲ ಇಲ್ಲ. ಅಲ್ಲಿ ಅದೇ ಕೆಲಸವನ್ನು ಬೇರೆ ಪದಗಳಿಂದ ಮಾಡಿಸಿಕೊಳ್ಳಬೇಕು. ಆ ಪದಗಳೇ ಈ ವಿಷಯದ ಬೆನ್ನೆಲುಬು ಅಂತ ನನ್ನ ನಂಬಿಕೆ.

ಮೊದಲು ಕಲಿಯಬೇಕಾದದ್ದು ‘ಈಸ್ ಸೆಡ್ ಟು ಹ್ಯಾವ್’. ‘ಆರ್ಥರ್ ಈಸ್ ಸೆಡ್ ಟು ಹ್ಯಾವ್ ಪುಲ್ಡ್ ದ ಸೋರ್ಡ್’. ಇಲ್ಲಿ ‘ಈಸ್’ ವರ್ತಮಾನದಲ್ಲೇ ಇರುತ್ತದೆ, ಏಕೆಂದರೆ ಜನ ಇವತ್ತಿಗೂ ಹಾಗೆ ಹೇಳುತ್ತಾರೆ. ಹಳೆಯ ಘಟನೆಯ ಭೂತಕಾಲ ‘ಹ್ಯಾವ್ ಪುಲ್ಡ್’ನಲ್ಲಿ ಬರುತ್ತದೆ. ಇದು ಬಾಯಿಗೆ ಒಗ್ಗಲು ಸ್ವಲ್ಪ ದಿನ ಬೇಕು. ಕಥೆ ಶುರು ಮಾಡುವಾಗ ‘ಲೆಜೆಂಡ್ ಹ್ಯಾಸ್ ಇಟ್ ದಟ್’ ಚೆನ್ನಾಗಿ ಕೂರುತ್ತದೆ. ಹೇಳಿದವರು ಯಾರು ಅಂತ ಗೊತ್ತಿದ್ದರೆ ‘ಅಕಾರ್ಡಿಂಗ್ ಟು’ ಹಾಕಿ ಅವರ ಹೆಸರನ್ನೇ ಹೇಳಿಬಿಡಿ. ಅದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ.

ಒಂದೇ ಪದದಲ್ಲಿ ಮುಗಿಸಬೇಕೆಂದರೆ ಸ್ವಲ್ಪ ಎಚ್ಚರ ಬೇಕು. ‘ರೆಪ್ಯೂಟೆಡ್ಲಿ’ ಅಂದರೆ ಹಾಗೆ ಹೆಸರಾಗಿದೆ ಅಂತ ಅಷ್ಟೆ, ನಿಮ್ಮ ಅಭಿಪ್ರಾಯ ಅದರಲ್ಲಿ ಇಲ್ಲ. ‘ಸಪೋಸೆಡ್ಲಿ’ ಅಂದರೆ ನಿಮಗೆ ಅಷ್ಟು ನಂಬಿಕೆ ಇಲ್ಲ ಅನ್ನುವ ವಾಸನೆ ಬರುತ್ತದೆ. ‘ಅಲೆಜೆಡ್ಲಿ’ ಹೆಚ್ಚಾಗಿ ಆರೋಪಕ್ಕೆ ಸೇರಿದ್ದು. ಯಾರೋ ರಾಜನಿಗೆ ವಿಷ ಹಾಕಿದರು ಅನ್ನುವ ಕಥೆಗೆ ಅದು ಸರಿ. ಆರ್ಥರ್ ಕತ್ತಿ ಕಿತ್ತದ್ದಕ್ಕೆ ಹಾಕಿದರೆ ಕತ್ತಿ ಕದ್ದ ಹಾಗೆ ಕೇಳಿಸುತ್ತದೆ.

ಈಗ ಆರ್ಥರ್‌ನನ್ನೇ ಹಿಡಿದುಕೊಂಡು ನೋಡೋಣ. ಅವನ ಕಥೆ ಪದರ ಪದರವಾಗಿ ಬೆಳೆದದ್ದು. 6ನೇ ಶತಮಾನದ ಗಿಲ್ಡಾಸ್ ಅನ್ನುವ ಪಾದ್ರಿ ಬ್ಯಾಡನ್ ಎಂಬಲ್ಲಿ ನಡೆದ ಕಾಳಗದ ಬಗ್ಗೆ ಬರೆಯುತ್ತಾನೆ, ಆದರೆ ಆರ್ಥರ್ ಹೆಸರನ್ನೇ ಎತ್ತುವುದಿಲ್ಲ. 9ನೇ ಶತಮಾನದ ಒಂದು ಲ್ಯಾಟಿನ್ ಇತಿಹಾಸದಲ್ಲಿ ಆರ್ಥರ್ ಬರುತ್ತಾನೆ, ಆದರೆ ರಾಜನಾಗಿ ಅಲ್ಲ, ಯುದ್ಧದ ಮುಂದಾಳಾಗಿ. 12 ಕಾಳಗ ಗೆಲ್ಲುತ್ತಾನೆ. ಬ್ಯಾಡನ್‌ನಲ್ಲಿ ಒಂದೇ ದಿನ ಒಬ್ಬನೇ 960 ಜನರನ್ನು ಉರುಳಿಸಿದ ಅಂತ ಬರೆದಿದೆ. ಸುಮಾರು 1136ರಲ್ಲಿ ಜೆಫ್ರಿ ಆಫ್ ಮಾನ್ಮತ್ ಅನ್ನುವ ಲೇಖಕ ಅವನನ್ನು ದೊಡ್ಡ ರಾಜನಾಗಿ ಮಾಡಿದ. 1155ರಲ್ಲಿ ವಾಸ್ ಅನ್ನುವ ಕವಿ ಆರ್ಥರ್‌ನ ನೈಟ್‌ಗಳು ಸುತ್ತ ಕೂರುವ ದುಂಡುಮೇಜನ್ನು ತಂದ. ಅದೇ ಶತಮಾನದ ಕೊನೆಯ ಭಾಗದಲ್ಲಿ ಫ್ರೆಂಚ್ ಕವಿ ಕ್ರೆತಿಯೆನ್ ದ ತ್ರ್ವಾ ಲ್ಯಾನ್ಸಲಾಟ್ ಅನ್ನುವ ನೈಟ್‌ನ ಪ್ರೇಮವನ್ನೂ ಕ್ಯಾಮೆಲಾಟ್ ಅನ್ನುವ ಊರಿನ ಹೆಸರನ್ನೂ ಸೇರಿಸಿದ. ಕಲ್ಲಿನಿಂದ ಕತ್ತಿ ಕೀಳುವ ಪ್ರಸಂಗ ಬಂದದ್ದು ಸುಮಾರು 1200ರಲ್ಲಿ, ರಾಬರ್ಟ್ ದ ಬೊರೊನ್‌ನ ಕಾವ್ಯದಲ್ಲಿ. ಇದೆಲ್ಲವನ್ನೂ ಇಂಗ್ಲಿಷ್ ಗದ್ಯದಲ್ಲಿ ಕೂಡಿಸಿದ ಮ್ಯಾಲೊರಿಯ ಪುಸ್ತಕವನ್ನು ಕ್ಯಾಕ್ಸ್ಟನ್ ಅಚ್ಚು ಹಾಕಿದ್ದು 1485ರಲ್ಲಿ.

ಇಂಥ ಕಥೆಯನ್ನು ಹೇಳುವಾಗ ಕೆಲವು ಪದಗಳು ಇಲ್ಲದಿದ್ದರೆ ಆಗುವುದೇ ಇಲ್ಲ. ‘ಫಸ್ಟ್ ಅಪಿಯರ್ಸ್ ಇನ್’ ಅಂದರೆ ಮೊದಲು ಕಾಣುವುದು ಇಲ್ಲಿ. ‘ಅರ್ಲಿಯೆಸ್ಟ್ ಸರ್ವೈವಿಂಗ್’ ಅಂದರೆ ಇವತ್ತು ನಮ್ಮ ಕೈಯಲ್ಲಿ ಉಳಿದಿರುವುದರಲ್ಲಿ ಎಲ್ಲಕ್ಕಿಂತ ಹಳೆಯದು. ಬರೀ ‘ಅರ್ಲಿಯೆಸ್ಟ್’ ಅನ್ನುವುದಕ್ಕೂ ಇದಕ್ಕೂ ತುಂಬ ವ್ಯತ್ಯಾಸ ಇದೆ. ಅದಕ್ಕಿಂತ ಹಳೆಯದು ಇತ್ತೋ ಏನೋ, ಸುಟ್ಟುಹೋಯಿತೋ ಏನೋ. ‘ಸರ್ವೈವಿಂಗ್’ ಅನ್ನುವ ಪದ ಆ ಜಾಗವನ್ನು ತೆರೆದಿಡುತ್ತದೆ. ಆಮೇಲೆ ‘ಎಂಬೆಲಿಷ್’, ಇದ್ದ ಕಥೆಗೆ ಒಡವೆ ತೊಡಿಸುವುದು. ‘ಲೇಟರ್ ಅಡಿಷನ್’, ಆಮೇಲೆ ಸೇರಿದ್ದು. ‘ಕನ್‌ಫ್ಲೇಟ್’, ಇಬ್ಬರು ಬೇರೆ ಬೇರೆ ವ್ಯಕ್ತಿಗಳನ್ನೋ ಎರಡು ಘಟನೆಗಳನ್ನೋ ಒಂದೇ ಮಾಡಿಬಿಡುವುದು. ‘ಅಟ್ರಿಬ್ಯೂಟ್’, ಒಂದು ಮಾತನ್ನೋ ಕೃತಿಯನ್ನೋ ಒಬ್ಬರ ಹೆಸರಿಗೆ ಹಚ್ಚುವುದು. ದೊಡ್ಡವರ ಹೆಸರಿನಲ್ಲಿ ಓಡಾಡುವ, ಆದರೆ ಅವರು ಹೇಳಿದ್ದಕ್ಕೆ ಆಧಾರ ಇಲ್ಲದ ಮಾತಿಗೆ ‘ಅಪಾಕ್ರಿಫಲ್’ ಅನ್ನುತ್ತಾರೆ. ಇವಿಷ್ಟು ಬಂದರೆ ಯಾವ ದಂತಕಥೆಯ ಬಗ್ಗೆ ಬೇಕಾದರೂ ಧೈರ್ಯವಾಗಿ ಮಾತಾಡಬಹುದು.

ಕಥೆಯ ಜಾತಿಗಳನ್ನು ಹೇಳುವ ಪದಗಳೂ ಇವೆ. ‘ಮಿಥ್’ ದೇವರುಗಳದ್ದು, ಜಗತ್ತು ಹುಟ್ಟಿದ ಬಗೆಯದ್ದು. ‘ಲೆಜೆಂಡ್’ ಒಂದು ಊರಿಗೆ, ಒಂದು ಕಾಲಕ್ಕೆ, ಒಬ್ಬ ಮನುಷ್ಯನಿಗೆ ಅಂಟಿಕೊಂಡದ್ದು. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಓದಬೇಕಾದದ್ದು ಅಂತ ಅರ್ಥ. ಮಠಗಳಲ್ಲಿ ಗಟ್ಟಿಯಾಗಿ ಓದುತ್ತಿದ್ದ ಸಂತರ ಚರಿತ್ರೆಗೆ ಆ ಹೆಸರಿತ್ತು. ಸಂತರ ಚರಿತ್ರೆ ಬರೆಯುವ ಕಲೆಗೆ ಈಗ ಬೇರೆಯೇ ಪದ ಇದೆ, ‘ಹೇಜಿಯಾಗ್ರಫಿ’. ಬರೀ ಹೊಗಳಿಕೆ ತುಂಬಿದ ಜೀವನಚರಿತ್ರೆಗೂ ಇದನ್ನು ಬಳಸುತ್ತಾರೆ. ‘ಸಾಗಾ’ ಅಂದರೆ ಮೂಲದಲ್ಲಿ ಐಸ್‌ಲ್ಯಾಂಡಿನ ಗದ್ಯಕಥೆ. ‘ಕ್ರಾನಿಕಲ್’ ಅಂದರೆ ವರ್ಷದ ಕ್ರಮದಲ್ಲಿ ಬರೆದಿಟ್ಟ ದಾಖಲೆ. ಇನ್ನು ‘ರೊಮಾನ್ಸ್’. ಮಧ್ಯಯುಗದ ಮಾತು ಬಂದಾಗ ಇದನ್ನು ಪ್ರೇಮಕಥೆ ಅಂದುಕೊಳ್ಳಬೇಡಿ. ಲ್ಯಾಟಿನ್ ಬಿಟ್ಟು ಜನರ ಆಡುಮಾತಿನಲ್ಲಿ, ಮೊದಲಿಗೆ ಫ್ರೆಂಚಿನಲ್ಲಿ, ಬರೆದ ಸಾಹಸದ ಕಥೆಗೆ ಆ ಹೆಸರು. ಅದರಲ್ಲಿ ಪ್ರೇಮ ಇರಬಹುದು, ಇಲ್ಲದೆಯೂ ಇರಬಹುದು.

ಕಥೆಗೂ ಚರಿತ್ರೆಗೂ ನಡುವಿನ ದೂರವನ್ನು ಅಳೆಯಲು ನನಗೆ ತುಂಬ ಇಷ್ಟದ ಉದಾಹರಣೆ ಫ್ರೆಂಚ್ ಕಾವ್ಯದ ವೀರ ರೋಲಾಂ, ಇಂಗ್ಲಿಷಿನಲ್ಲಿ ರೋಲಂಡ್. ಕ್ರಿ.ಶ. 778ರಲ್ಲಿ ಫ್ರಾಂಕ್ ಜನರ ರಾಜ ಶಾರ್ಲಮೇನ್‌ನ ಸೈನ್ಯ ಸ್ಪೇನಿನಿಂದ ಪಿರೆನೀಸ್ ಬೆಟ್ಟ ದಾಟಿ ವಾಪಸ್ ಬರುತ್ತಿತ್ತು. ಹಿಂದಿನ ದಂಡಿನ ಮೇಲೆ ಬಾಸ್ಕ್ ಜನ ಬಿದ್ದರು, ಸಾಮಾನು ದೋಚಿದರು, ಕತ್ತಲಲ್ಲಿ ಮಾಯವಾದರು. ಶಾರ್ಲಮೇನ್‌ನ ಜೀವನ ಬರೆದ ಐನ್‌ಹಾರ್ಡ್, ಸತ್ತವರ ಹೆಸರುಗಳ ನಡುವೆ ರೋಲಾಂ ಹೆಸರನ್ನೂ ಹೇಳುತ್ತಾನೆ. ಚರಿತ್ರೆ ಕೊಡುವುದು ಹೆಚ್ಚುಕಡಿಮೆ ಅಷ್ಟೇ. ಸುಮಾರು ಮುನ್ನೂರು ವರ್ಷದ ಮೇಲೆ ರೋಲಾಂ ಬಗ್ಗೆ ಆ ಕಾವ್ಯ ಬಂದಾಗ ಬಾಸ್ಕ್ ಜನ ಇರಲೇ ಇಲ್ಲ. ಅವರ ಜಾಗಕ್ಕೆ ಮುಸ್ಲಿಂ ಸೈನ್ಯ ಬಂದಿತ್ತು. ಒಳಗಿನವನೊಬ್ಬನ ದ್ರೋಹ ಸೇರಿತ್ತು. ರೋಲಾಂ ಶಾರ್ಲಮೇನ್‌ನ ಸೋದರಳಿಯನಾಗಿದ್ದ. ಅವನ ಕೈಗೆ ಒಂದು ಕೊಂಬು ಬಂದಿತ್ತು.

ಇಂಥ ಕಡೆ ‘ಲೂಸ್ಲಿ ಬೇಸ್ಡ್ ಆನ್’, ಅಂದರೆ ಸಡಿಲವಾಗಿ ಆಧರಿಸಿದ್ದು, ಅನ್ನಬಹುದು. ಕಥೆಯ ನಡುವೆ ಉಳಿದಿರುವ ನಿಜದ ಕಾಳಿಗೆ ‘ಕರ್ನಲ್ ಆಫ್ ಟ್ರುತ್’ ಅನ್ನುತ್ತಾರೆ. ದಂಡಿನ ಹಿಂಭಾಗಕ್ಕೆ ‘ರಿಯರ್‌ಗಾರ್ಡ್’, ಹೊಂಚು ಹಾಕಿ ಬೀಳುವುದಕ್ಕೆ ‘ಆಂಬುಷ್’. ಒಂದೇ ಘಟನೆಯನ್ನು ಎರಡು ಸಲ ಹೇಳಿಸುವುದು ನನ್ನ ರೂಢಿ, ಮೊದಲು ಐನ್‌ಹಾರ್ಡ್ ಹೇಳಿದಂತೆ, ಆಮೇಲೆ ಕಾವ್ಯ ಹೇಳಿದಂತೆ. ಎರಡನೆಯ ಸಲ ಹೇಳುವಾಗ ‘ಇನ್ ದ ಪೊಯಮ್’ ಅಂತ ಶುರು ಮಾಡಿದರೆ ಆಮೇಲಿನ ಕ್ರಿಯಾಪದಗಳೆಲ್ಲ ವರ್ತಮಾನಕ್ಕೆ ತಿರುಗಬಹುದು: ‘ರೋಲಂಡ್ ಬ್ಲೋಸ್ ಹಿಸ್ ಹಾರ್ನ್’. ಚರಿತ್ರೆಗೆ ಭೂತಕಾಲ, ಕಥೆಯ ಒಳಗಿನ ಸಂಗತಿಗೆ ವರ್ತಮಾನ. ಈ ಸಣ್ಣ ಅಭ್ಯಾಸ ಅರ್ಧ ಗೊಂದಲವನ್ನು ಕಳೆಯುತ್ತದೆ.

ದಾರಿ ತಪ್ಪಿಸುವ ಪದಗಳಲ್ಲಿ ಮೊದಲನೆಯದು ‘ಕಂಟೆಂಪೊರರಿ’. ಸಮಕಾಲೀನ ಅಂತ ಗೊತ್ತು, ಆದರೆ ಯಾರಿಗೆ ಸಮಕಾಲೀನ? ‘ಕಂಟೆಂಪೊರರಿ ಸೋರ್ಸ್’ ಅಂದರೆ ಆ ಘಟನೆಯ ಕಾಲದಲ್ಲೇ ಬರೆದದ್ದು, ಇವತ್ತಿನದಲ್ಲ. ಪರೀಕ್ಷೆಯಲ್ಲಿ ಈ ಒಂದು ಪದವನ್ನು ಇವತ್ತಿನದು ಅಂತ ಓದಿಕೊಂಡು ಇಡೀ ಪ್ರಶ್ನೆಯನ್ನೇ ತಿರುವಿಹಾಕುವವರು ಜಾಸ್ತಿ. ‘ಹಿಸ್ಟಾರಿಕಲ್’ ಅಂದರೆ ಚರಿತ್ರೆಗೆ ಸೇರಿದ್ದು, ‘ಹಿಸ್ಟಾರಿಕ್’ ಅಂದರೆ ಚರಿತ್ರೆಯಲ್ಲಿ ನೆನಪಿಡುವಂಥದ್ದು. ‘ದ ಹಿಸ್ಟಾರಿಕಲ್ ಆರ್ಥರ್’ ಅಂದರೆ ನಿಜವಾಗಿ ಇದ್ದಿರಬಹುದಾದ ಆರ್ಥರ್. ‘ಲೆಜೆಂಡರಿ’ ಅನ್ನುವುದಕ್ಕೂ ಎರಡು ಮುಖ. ಕ್ರಿಕೆಟ್ ಆಟಗಾರನಿಗೆ ಹೇಳಿದರೆ ತುಂಬ ಹೆಸರಾದವನು, ಮಧ್ಯಯುಗದ ರಾಜನಿಗೆ ಹೇಳಿದರೆ ಇದ್ದನೋ ಇಲ್ಲವೋ ಅನ್ನುವವನು.

‘ಡಾರ್ಕ್ ಏಜಸ್’ ಅನ್ನುವುದನ್ನು ದಯವಿಟ್ಟು ಬಿಟ್ಟುಬಿಡಿ. ಚರಿತ್ರೆಕಾರರು ಈಗ ಅದನ್ನು ಅಷ್ಟಾಗಿ ಬಳಸುವುದಿಲ್ಲ. ಸುಮಾರು 500ರಿಂದ 1000ದವರೆಗೆ ‘ಅರ್ಲಿ’, 1300ರವರೆಗೆ ‘ಹೈ’, 1500ರವರೆಗೆ ‘ಲೇಟ್ ಮಿಡ್ಲ್ ಏಜಸ್’ ಅಂದರೆ ಸಾಕು. ‘ಫ್ಯೂಡಲಿಸಂ’, ಅಂದರೆ ಊಳಿಗಮಾನ್ಯ ಪದ್ಧತಿ, ಅನ್ನುವುದನ್ನೂ ನೋಡಿಕೊಂಡು ಬಳಸಿ. ಅದು ಆ ಕಾಲದವರ ಪದವಲ್ಲ. ಚರಿತ್ರೆಕಾರರಾದ ಎಲಿಜಬೆತ್ ಬ್ರೌನ್ 1974ರಲ್ಲೂ ಸುಸಾನ್ ರೆನಾಲ್ಡ್ಸ್ 1994ರಲ್ಲೂ ಅದನ್ನು ಗಟ್ಟಿಯಾಗಿ ಪ್ರಶ್ನಿಸಿದ ಮೇಲೆ, ಓದಿಕೊಂಡವರ ಮುಂದೆ ಆ ಪದವನ್ನು ಸುಮ್ನೆ ಎಸೆದರೆ ವಿವರ ಕೇಳುತ್ತಾರೆ. ಯಾರು ಯಾರಿಗೆ ಭೂಮಿ ಕೊಟ್ಟರು, ಬದಲಿಗೆ ಏನು ಪಡೆದರು ಅಂತ ಹೇಳುವುದೇ ಒಳ್ಳೆಯದು. ಅದಕ್ಕೆ ‘ಫೀಫ್’ (ಸೇವೆಗೆ ಬದಲಾಗಿ ಕೊಟ್ಟ ಭೂಮಿ), ‘ವ್ಯಾಸಲ್’ (ಅದನ್ನು ಪಡೆದವನು), ‘ಹೋಮೇಜ್’ (ಅವನು ಒಡೆಯನಿಗೆ ಮಾಡುವ ನಿಷ್ಠೆಯ ವಿಧಿ), ‘ಸರ್ಫ್’ (ಭೂಮಿಗೆ ಕಟ್ಟುಬಿದ್ದ ರೈತ) ಅನ್ನುವ ನಾಲ್ಕು ಪದ ಸಾಕು.

ಪದವಿಗಳ ವಿಚಾರ ಉದ್ದಕ್ಕೆ ಬೇಡ. ಕಿಂಗ್, ಕ್ವೀನ್, ಲಾರ್ಡ್, ಅರ್ಲ್, ನೈಟ್ ಇವೆಲ್ಲ ಹಳೆಯ ಇಂಗ್ಲಿಷ್. ಡ್ಯೂಕ್, ಬ್ಯಾರನ್, ಪ್ರಿನ್ಸ್ ಬಂದದ್ದು ಫ್ರೆಂಚಿನಿಂದ. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಗುರುತು ಅದು. ಹೀಗಾಗಿಯೇ ಅರ್ಲ್‌ನ ಹೆಂಡತಿಗೆ ಹಳೆಯ ಇಂಗ್ಲಿಷಿನ ಹೆಸರಿಲ್ಲ, ಅವಳು ‘ಕೌಂಟೆಸ್’. ಉಚ್ಚಾರದಲ್ಲಿ ನೈಟ್‌ನ ಕೆ, ಕ್ಯಾಸಲ್‌ನ ಟಿ, ಸೋರ್ಡ್‌ನ ಡಬ್ಲ್ಯೂ ಬಾಯಿಗೆ ಬರಬಾರದು.

ಇಂಗ್ಲೆಂಡಿನ ದಂತಕಥೆಯ ಕಾಡುಗಳ್ಳ ರಾಬಿನ್ ಹುಡ್‌ಗೆ ಬಂದರೆ ಮೂರು ಪದ ಮುಖ್ಯ. ‘ಔಟ್‌ಲಾ’ ಅಂದರೆ ಬರೀ ಕಳ್ಳ ಅಲ್ಲ, ಕಾನೂನು ತನ್ನ ರಕ್ಷಣೆಯಿಂದ ಹೊರಗೆ ಹಾಕಿದವನು. ‘ಶೆರಿಫ್’ ರಾಜನ ಪರವಾಗಿ ಒಂದು ಸೀಮೆಯನ್ನು ನೋಡಿಕೊಳ್ಳುವ ಅಧಿಕಾರಿ. ‘ಯೋಮನ್’ ರೈತನಿಗಿಂತ ಮೇಲೆ, ದೊಡ್ಡ ಮನೆತನಗಳಿಗಿಂತ ಕೆಳಗೆ ಇರುವವನು. ಹಳೆಯ ಲಾವಣಿಗಳಲ್ಲಿ, ಅಂದರೆ ‘ಬ್ಯಾಲಡ್’ಗಳಲ್ಲಿ, ರಾಬಿನ್ ಯೋಮನ್. ಅವನನ್ನು ಅರ್ಲ್ ಮಾಡಿದ್ದು 16ನೇ ಶತಮಾನದ ಕೊನೆಯ ನಾಟಕಗಳು. ಸಾಹಿತ್ಯದಲ್ಲಿ ಅವನ ಹೆಸರು ಮೊದಲು ಸಿಗುವುದು ಸುಮಾರು 1377ರ ಒಂದು ಕವಿತೆಯಲ್ಲಿ. ಅಲ್ಲೊಬ್ಬ ಸೋಮಾರಿ ಪಾದ್ರಿ ಇದ್ದಾನೆ. ಪ್ರಾರ್ಥನೆ ಸರಿಯಾಗಿ ಬರುವುದಿಲ್ಲ, ರಾಬಿನ್ ಹುಡ್ ಪದ್ಯಗಳು ಬರುತ್ತವೆ ಅನ್ನುತ್ತಾನೆ. ಅಂದರೆ ಅಷ್ಟು ಹೊತ್ತಿಗೆ ಆ ಪದ್ಯಗಳು ಊರಿಗೆಲ್ಲ ಗೊತ್ತಿದ್ದವು. ಇಂಥ ಪರೋಕ್ಷ ಸಾಕ್ಷಿಯನ್ನು ಹೇಳಲು ‘ಸಜೆಸ್ಟ್ಸ್ ದಟ್’ ಅಥವಾ ‘ಇಂಪ್ಲೈಸ್ ದಟ್’ ಬಳಸಿ. ‘ಪ್ರೂವ್ಸ್’ ಅನ್ನುವ ಪದವನ್ನು ನಿಜವಾಗಿ ಸಾಬೀತಾದದ್ದಕ್ಕೆ ಇಟ್ಟುಕೊಳ್ಳಿ.

ಸಾಬೀತಾದ ಪ್ರಕರಣಗಳೂ ಇವೆ. ಚಕ್ರವರ್ತಿ ಕಾನ್‌ಸ್ಟಂಟೈನ್ 4ನೇ ಶತಮಾನದಲ್ಲಿ ಪಶ್ಚಿಮದ ಅಧಿಕಾರವನ್ನು ಪೋಪ್‌ಗೆ ಬರೆದುಕೊಟ್ಟ ಅಂತ ಒಂದು ಪತ್ರ ಇತ್ತು. 1440ರಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಾಲಾ ಅದು ‘ಫೋರ್ಜರಿ’, ಅಂದರೆ ನಕಲಿ, ಅಂತ ತೋರಿಸಿದ. ಅವನ ಮುಖ್ಯ ಆಯುಧ ಭಾಷೆ. ಆ ಪತ್ರದ ಲ್ಯಾಟಿನ್ ಆ ಕಾಲದ್ದಾಗಿರಲು ಸಾಧ್ಯವಿಲ್ಲ, ರೋಮಿನ ಅಧಿಕಾರಿಗಳನ್ನು ಪರ್ಷಿಯಾದ ಪ್ರಾಂತಾಧಿಕಾರಿಗಳ ಹಾಗೆ ‘ಸೇಟ್ರಪ್’ ಅಂತ ಆಗ ಯಾರು ಕರೆಯುತ್ತಿದ್ದರು ಅಂತ ಕೇಳಿದ. ಕಾಲಕ್ಕೆ ಹೊಂದದ ಇಂಥ ಪದಕ್ಕೆ, ವಸ್ತುವಿಗೆ ‘ಅನಾಕ್ರನಿಸಂ’ ಅನ್ನುತ್ತಾರೆ. ಭಾಷೆ ಕಲಿಸುವ ನನಗೆ ಈ ಕಥೆ ಹೇಳುವಾಗೆಲ್ಲ ಹೆಮ್ಮೆ ಆಗುತ್ತದೆ. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಊರಿನ ಪ್ರಕರಣ ಅಷ್ಟು ನೇರ ಅಲ್ಲ. 1184ರಲ್ಲಿ ಅಲ್ಲಿನ ಮಠ ಸುಟ್ಟುಹೋಯಿತು, ಕಟ್ಟಲು ಹಣ ಬೇಕಿತ್ತು. 1191ರ ಹೊತ್ತಿಗೆ ಆರ್ಥರ್ ಮತ್ತು ಅವನ ರಾಣಿಯ ಸಮಾಧಿ ಸಿಕ್ಕಿತು ಅಂತ ಸನ್ಯಾಸಿಗಳು ಹೇಳಿದರು. ಇಲ್ಲಿ ‘ಫೌಂಡ್’ ಅನ್ನಬೇಡಿ. ‘ಕ್ಲೇಮ್ಡ್ ಟು ಹ್ಯಾವ್ ಫೌಂಡ್’ ಅನ್ನಿ. ಸಮಾಧಿಗೆ ‘ಪರ್ಪೋರ್ಟೆಡ್’, ಅಂದರೆ ಹಾಗೆಂದು ಹೇಳಿಕೊಂಡದ್ದು, ಅನ್ನುವ ವಿಶೇಷಣ ಸರಿಯಾಗಿ ಹೊಂದುತ್ತದೆ.

ಅಭ್ಯಾಸಕ್ಕೆ ಲೇಡಿ ಗೊಡೈವಾಳ ಕಥೆ ತಗೊಳ್ಳಿ. ಗಂಡ ಹಾಕಿದ ತೆರಿಗೆ ಇಳಿಸಲು ಅವಳು ಬಟ್ಟೆಯಿಲ್ಲದೆ ಕುದುರೆ ಏರಿ ಕಾವೆಂಟ್ರಿ ಊರಿನಲ್ಲಿ ಹೋದಳು ಅನ್ನುವುದು ಕಥೆ. ಗೊಡೈವಾ ನಿಜವಾಗಿ ಇದ್ದವಳು, ಅರ್ಲ್ ಲಿಯೊಫ್ರಿಕ್‌ನ ಹೆಂಡತಿ. 1086ರ ಡೂಮ್ಸ್‌ಡೇ ಜಮೀನು ದಾಖಲೆಯಲ್ಲಿ ಅವಳ ಹೆಸರಿದೆ. ಅದನ್ನು ನೇರವಾಗಿ ‘ವಾಸ್’ ಅಂತಲೇ ಹೇಳಿ. ಕುದುರೆ ಸವಾರಿ ಮೊದಲು ಕಾಣುವುದು 13ನೇ ಶತಮಾನದ ರೋಜರ್ ಆಫ್ ವೆಂಡೊವರ್ ಬರೆದ ಕ್ರಾನಿಕಲ್‌ನಲ್ಲಿ. ಅಲ್ಲಿಗೆ ‘ಅಕಾರ್ಡಿಂಗ್ ಟು’ ಮತ್ತು ‘ಈಸ್ ಸೆಡ್ ಟು ಹ್ಯಾವ್ ರಿಡನ್’. ಕಿಟಕಿಯಿಂದ ಕದ್ದು ನೋಡಿದ ಟಾಮ್ ಕಥೆಗೆ ಸೇರಿಕೊಂಡದ್ದು ಇನ್ನೂ ಕೆಲವು ಶತಮಾನ ಆದಮೇಲೆ. ಅವನಿಗೆ ‘ಲೇಟರ್ ಅಡಿಷನ್’. ಮೂರು ವಾಕ್ಯವನ್ನೂ ಗಟ್ಟಿಯಾಗಿ ಹೇಳಿ ನೋಡಿ. ಎರಡನೆಯದರಲ್ಲಿ ‘ರಿಡನ್’ ಬದಲು ‘ರೋಡ್’ ಬಾಯಿಗೆ ಬಂದರೆ ನಿಲ್ಲಿಸಿ, ಆ ವಾಕ್ಯವನ್ನು ಮೊದಲಿಂದ ಮತ್ತೊಂದು ಸಲ ಹೇಳಿ.