ಕುಡಿತ ಬಿಟ್ಟೋರಿಗೆ ಮನೇಲಿ ಪೊಲೀಸ್ ಬೇಡ, ಲೆಕ್ಕ ಒಪ್ಪಿಸೋಕೆ ಒಬ್ರು ಇದ್ರೆ ಸಾಕು

ಕುಡಿತ ಬಿಡೋಕೆ ಅಂತ ಅಡ್ಮಿಟ್ ಆದೋರಿಗೆ ನಡುಕ ನಿಂತು, ನಿದ್ದೆ ಹತ್ತಿ, ಊಟ ಸೇರೋಕೆ ಶುರುವಾಗಿ, ಮುಖದಲ್ಲಿ ಸ್ವಲ್ಪ ಕಳೆ ಬರೋವರೆಗಿನ ಕೆಲಸ ನಮಗೆ ಅಷ್ಟೇನೂ ಕಷ್ಟ ಅಲ್ಲ ಅಂದ್ರೆ ಮನೆಯವರು ನಂಬಲ್ಲ. ಅಲ್ಲಿ ನರ್ಸ್ ಇರ್ತಾರೆ, ಔಷಧಿ ಇರುತ್ತೆ, ಬಾಟ್ಲಿ ಸಿಗಲ್ಲ. ನಿಜವಾದ ಕಷ್ಟ ಇರೋದು ಡಿಸ್ಚಾರ್ಜ್ ಆದ ಮೇಲಿನ ಮೊದಲ ಮೂರು ತಿಂಗಳಲ್ಲಿ, ಮತ್ತೆ ಕುಡಿಯೋಕೆ ಹೋಗೋರಲ್ಲಿ ಹೆಚ್ಚಿನವರು ಎಡವೋದು ಆ ಅವಧೀಲೇ.

ಅದಕ್ಕೇ ಹೊರಡೋ ದಿನ ಎಲ್ರಿಗೂ ಒಂದು ಪ್ರಶ್ನೆ ಕೇಳ್ತೀನಿ, ಇನ್ಮೇಲೆ ನಿಮಗೆ ಸಪೋರ್ಟ್ ಯಾರು ಅಂತ. "ಮನೆಯವ್ರೆಲ್ಲಾ ಇದಾರಲ್ಲ ಡಾಕ್ಟ್ರೇ" ಅಂತಾರೆ. ಎಲ್ಲಾ ಇದಾರೆ ಸರಿ, ಆದ್ರೆ ಸಂಜೆ ಏಳು ಗಂಟೆಗೆ ಬಾಯಿ ಒಣಗಿ, ಕಾಲು ತಾನಾಗೇ ಬಾರ್ ಕಡೆ ತಿರುಗಿದಾಗ ಫೋನ್ ಹಚ್ಚೋದು ಯಾರಿಗೆ? ಆ ಹೆಸರು ಹೇಳಿ ಅಂದ್ರೆ ಸುಮ್ಮನಾಗ್ತಾರೆ. ಹೆಸರು ಬರೋವರೆಗೂ ನಾನು ಡಿಸ್ಚಾರ್ಜ್ ಕಾಗದಕ್ಕೆ ಸೈನ್ ಹಾಕೋದು ತಡ ಮಾಡ್ತೀನಿ, ಅವರು ಬೈಕೊಳ್ಳಲಿ ಪರವಾಗಿಲ್ಲ.

ಹೆಸರು ಇಲ್ಲದಿದ್ರೆ ಆ ಕೆಲಸ ತಾನಾಗೇ ಹೆಂಡತಿ ತಲೆಗೆ ಬೀಳುತ್ತೆ (ಹೆಂಗಸರು ಪೇಶೆಂಟ್ ಆಗಿದ್ರೆ ಗಂಡನೋ ಮಗಳೋ). ಮನೆಗೆ ಬಂದ ತಕ್ಷಣ ಬಾಯಿ ಮೂಸೋದು, ಬ್ಯಾಗ್ ತಡಕೋದು, ಬಾತ್‌ರೂಮಲ್ಲಿ ಎರಡು ನಿಮಿಷ ಜಾಸ್ತಿ ಆದ್ರೆ ಬಾಗಿಲು ಬಡಿಯೋದು, ಆಫೀಸಿನ ಫ್ರೆಂಡ್ಸಿಗೆ ಕದ್ದು ಫೋನ್ ಮಾಡೋದು. ಫಾಲೋಅಪ್ಪಿಗೆ ಬಂದಾಗ ಇಬ್ರೂ ಒಟ್ಟಿಗೆ ಮಾತಾಡ್ತಾರೆ. "ಮೂಸಿದ್ರೆ ಜಗಳ ಸರ್, ಮೂಸದಿದ್ರೆ ನಂಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲ" ಅಂತ ಅವರು. "ಕುಡೀದೇ ಇದ್ರೂ ಕಳ್ಳನ ಥರಾ ನೋಡ್ತಾಳೆ, ಹಂಗಾದ್ಮೇಲೆ ಕುಡಿದೇ ಬೈಸ್ಕೊಳೋದು ವಾಸಿ ಅನ್ಸುತ್ತೆ" ಅಂತ ಇವರು. ಇಬ್ರದ್ದೂ ಸರಿಯೇ. ಹತ್ತು ವರ್ಷ ಸುಳ್ಳು ಕೇಳಿದೋರಿಗೆ ಹತ್ತು ದಿನದಲ್ಲಿ ನಂಬಿಕೆ ಬಾ ಅಂದ್ರೆ ಬರಲ್ಲ, ಹಾಗಂತ ಕಾವಲು ಕೂತ್ರೆ ಇನ್ನೊಂದು ಕಡೆ ಬಚ್ಚಿಡೋ ಬುದ್ಧಿವಂತಿಕೆ ಬೆಳೆಯುತ್ತೆ ಅಷ್ಟೇ.

ಇದಕ್ಕೆ ಬಿಹೇವಿಯರಲ್ ಕಪಲ್ಸ್ ಥೆರಪಿ ಅನ್ನೋ ಚಿಕಿತ್ಸೇಲಿ ಒಂದು ಸಣ್ಣ ವಿಧಾನ ಇದೆ, ನನ್ನ ಪ್ರಾಕ್ಟೀಸಲ್ಲಿ ಇದರಷ್ಟು ಉಪಯೋಗಕ್ಕೆ ಬಂದಿದ್ದು ಕಡಿಮೆ. ದಿನಾ ಒಂದೇ ಟೈಮು, ಹೇಳಿ ಬೆಳಿಗ್ಗೆ ತಿಂಡಿಗೆ ಮುಂಚೆ, ಇಬ್ರೂ ಎದುರುಬದುರು ಕೂರಬೇಕು. ಬಿಟ್ಟೋರು ಹೇಳೋದು: "ನಿನ್ನೆ ಕುಡಿದಿಲ್ಲ, ಇವತ್ತೂ ಕುಡಿಯಲ್ಲ, ನೀನು ಜೊತೆಗಿರು." ಇನ್ನೊಬ್ರು ಹೇಳೋದು: "ನಿನ್ನೆ ಕುಡೀದೇ ಇದ್ದಿದ್ದಕ್ಕೆ ಥ್ಯಾಂಕ್ಸ್." ಮಾತ್ರೆ ಇದ್ರೆ ಅವರೆದುರೇ ನುಂಗಿ, ಕ್ಯಾಲೆಂಡರಲ್ಲಿ ಒಂದು ಗುರುತು ಹಾಕೋದು. ಅಷ್ಟೇ, ಒಂದು ನಿಮಿಷ. ಆದ್ರೆ ಇದರ ಜೊತೆ ಒಂದು ಷರತ್ತಿದೆ, ಗಟ್ಟಿ ಇರೋದು ಅದೇ: ಆ ಒಂದು ನಿಮಿಷ ಬಿಟ್ರೆ ದಿನದಲ್ಲಿ ಇನ್ಯಾವಾಗಲೂ ಹಳೇ ಕುಡಿತದ ಪುರಾಣ ತೆಗೆಯೋ ಹಾಗಿಲ್ಲ, ನಾಳೆ ಕುಡೀತೀಯೇನೋ ಅಂತ ಚುಚ್ಚೋ ಹಾಗೂ ಇಲ್ಲ, ಅದನ್ನೆಲ್ಲ ಥೆರಪಿಸ್ಟ್ ಮುಂದೆ ಕೂತಾಗ ಮಾತಾಡೋದು. ಮೊದಮೊದಲು ನಾಟಕ ಆಡ್ದಂಗೆ ಇರುತ್ತೆ, ಮಕ್ಕಳು ನಗ್ತಾರೆ. ಒಂದೆರಡು ವಾರ ಕಳೆದ ಮೇಲೆ ಬಾಯಿ ಮೂಸೋದು ಕಡಿಮೆ ಆಗಿರುತ್ತೆ, ಯಾಕಂದ್ರೆ ಕೇಳೋಕೆ ಒಂದು ಹೊತ್ತು ಗೊತ್ತಾಗಿದೆ. ಮನೇಲಿ ಹೊಡೆತ ಬಡಿತ ಇದ್ರೆ ಇದನ್ನ ಮಾಡಬಾರದು, ಅಲ್ಲಿ ಮೊದಲು ನೋಡ್ಬೇಕಾಗಿರೋದು ಏಟು ತಿನ್ನೋರ ಸುರಕ್ಷತೆ.

ಮಾತ್ರೆ ವಿಷಯ ಬಂತಲ್ಲ, ಡೈಸಲ್ಫಿರಾಮ್ ಬಗ್ಗೆ ಸ್ವಲ್ಪ ಖಾರವಾಗೇ ಹೇಳಬೇಕು. ಹೊಟ್ಟೆಗೆ ಹೋದ ಆಲ್ಕೋಹಾಲನ್ನ ಲಿವರ್ ಮೊದಲು ಅಸಿಟಾಲ್ಡಿಹೈಡ್ ಅನ್ನೋ ವಿಷದ ವಸ್ತು ಮಾಡುತ್ತೆ, ಆಮೇಲೆ ಅದನ್ನ ಇನ್ನೂ ಒಡೆಯುತ್ತೆ, ಈ ಔಷಧಿ ಆ ಎರಡನೇ ಹಂತ ತಡೆಯೋದ್ರಿಂದ ಕುಡಿದ್ರೆ ಮುಖ ಕೆಂಪಾಗಿ, ಎದೆ ಡವಡವ ಹೊಡ್ಕೊಂಡು, ವಾಂತಿ ಆಗಿ ಬಿಪಿ ಕುಸಿಯಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಆ ರಿಯಾಕ್ಷನ್ ಬರಬಹುದು. ಪೇಶೆಂಟೇ ಒಪ್ಪಿ, ಇನ್ನೊಬ್ರ ಎದುರು ನುಂಗಿದ್ರೆ ಇದು ಒಳ್ಳೇ ಔಷಧಿ, ದಿನಕ್ಕೊಂದ್ಸಲ ಬೆಳಿಗ್ಗೆ ತೀರ್ಮಾನ ಮಾಡಿದ್ರೆ ಸಾಕು, ದಿನವಿಡೀ ಮನಸ್ಸಿನ ಜೊತೆ ಗುದ್ದಾಡೋದು ತಪ್ಪುತ್ತೆ. ಆದ್ರೆ ಗೊತ್ತಿಲ್ಲದ ಹಾಗೆ ಊಟದಲ್ಲಿ ಬೆರೆಸಿ ಕೊಡೋರು ಇದಾರೆ, ಹಾಗೇ ಬಿಡಿಸ್ತೀವಿ ಅಂತ ಪುಡಿ ಮಾರೋರೂ ಇದಾರೆ. ದಯವಿಟ್ಟು ಬೇಡ. ಹೃದಯದ ಕಾಯಿಲೆ ಇದ್ದೋರಿಗೆ ಅದು ಪ್ರಾಣಕ್ಕೇ ಬರುತ್ತೆ, ಪ್ರಾಣ ಉಳಿದ್ರೂ ನಂಬಿಕೆ ಉಳಿಯಲ್ಲ. ನಾಲ್ಟ್ರೆಕ್ಸೋನ್, ಅಕಾಂಪ್ರೋಸೇಟ್ ಥರದ ಬೇರೆ ಔಷಧಿಗಳೂ ಇವೆ, ಯಾವುದು ಯಾರಿಗೆ ಅನ್ನೋದು ಲಿವರ್, ಕಿಡ್ನಿ ನೋಡಿ ಡಾಕ್ಟ್ರು ಹೇಳಬೇಕು.

ಇನ್ನು ಮನೆ ಹೊರಗಿನೋರು. ಕುಡಿತ ಬಿಡೋರು ಒಬ್ರಿಗೊಬ್ರು ಆಸರೆಯಾಗೋ ಗುಂಪು ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ರೂ ಎಎ ಅನ್ನೋದು, ಶುರುವಾಗಿದ್ದೇ ಒಂದು ಫೋನ್ ಕಾಲಿಂದ. 1935ರಲ್ಲಿ ಬಿಲ್ ವಿಲ್ಸನ್ ಅನ್ನೋರು ಅಮೆರಿಕದ ಆಕ್ರನ್ ಊರಿನ ಒಂದು ಹೋಟೆಲಲ್ಲಿದ್ರು, ವ್ಯವಹಾರ ಕೈಕೊಟ್ಟಿತ್ತು, ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು, ಪಕ್ಕದಲ್ಲೇ ಬಾರು. ಒಳಗೆ ಹೋಗೋ ಬದಲು ಫೋನ್ ಹಿಡಿದು, ಈ ಊರಲ್ಲಿ ನನ್ನಂಥ ಇನ್ನೊಬ್ಬ ಕುಡುಕ ಯಾರಾದ್ರೂ ಇದಾರಾ, ಮಾತಾಡಬೇಕು ಅಂತ ವಿಚಾರಿಸ್ತಾ ಹೋದ್ರು, ಸಿಕ್ಕಿದ್ದು ಬಾಬ್ ಸ್ಮಿತ್ ಅನ್ನೋ ಸರ್ಜನ್. ಸಹಾಯ ಬೇಕಾಗಿದ್ದೋರೇ ಸಹಾಯ ಮಾಡೋಕೆ ಹೊರಟಿದ್ರು ನೋಡಿ, ಮೊದಲೇ ಬಿಟ್ಟೋರೊಬ್ರು ಹೊಸಬರ ಕೈ ಹಿಡಿದು ನಡೆಸೋ ಎಎ ಸ್ಪಾನ್ಸರ್ ಪದ್ಧತಿಯ ತಿರುಳೇ ಇದು. 2020ರ ಕೊಕ್ರೇನ್ ವಿಮರ್ಶೆ (ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ವರದಿ) ಪ್ರಕಾರ ಪೇಶೆಂಟನ್ನ ಎಎಗೆ ಕ್ರಮಬದ್ಧವಾಗಿ ಜೋಡಿಸೋ ಚಿಕಿತ್ಸೆ, ಪೂರ್ತಿ ಬಿಟ್ಟು ಇರೋ ವಿಷಯದಲ್ಲಿ ಸಿಬಿಟಿಯಂಥ (ಯೋಚನೆ, ನಡವಳಿಕೆ ತಿದ್ದೋ ಮಾತಿನ ಚಿಕಿತ್ಸೆ) ಬೇರೆ ಚಿಕಿತ್ಸೆಗಳಿಗಿಂತ ಮುಂದಿದೆ, ಅದನ್ನ ಓದೋಕೆ ಮುಂಚೆ ಎಎ ಅಂದ್ರೆ ಮೂಗು ಮುರೀತಿದ್ದ ಡಾಕ್ಟ್ರುಗಳು ನಮ್ಮಲ್ಲಿ ತುಂಬಾ ಜನ. ಎಎಯಲ್ಲಿ ಬರೋ ದೇವರ ಮಾತು ಹಿಡಿಸದೋರಿಗೆ ಸ್ಮಾರ್ಟ್ ರಿಕವರಿ ಅನ್ನೋ ಗುಂಪಿದೆ, ಆನ್‌ಲೈನ್ ಮೀಟಿಂಗೂ ಇವೆ. ಒಂದು ಮೀಟಿಂಗ್ ಇಷ್ಟ ಆಗ್ಲಿಲ್ಲ ಅಂತ ಬಿಡಬೇಡಿ, ಗುಂಪು ಬದಲಾಯಿಸಿ ನೋಡಿ. ಮನೆಯವರಿಗೆ ಅಲ್-ಅನಾನ್ ಅನ್ನೋ ಗುಂಪು ಬೇರೆ ಇದೆ, ಪೇಶೆಂಟ್ ಬರ್ಲಿ ಬಿಡ್ಲಿ ಅವರು ಹೋಗಬಹುದು.

ಲೆಕ್ಕ ಕೇಳೋಕೂ ಒಂದು ರೀತಿ ಬೇಕು. "ಹೆಂಗಿದೀಯಾ", "ಆರಾಮ್" ಅನ್ನೋ ಫೋನ್ ಕಾಲಿಂದ ಏನೂ ಪ್ರಯೋಜನ ಇಲ್ಲ. ಕೇಳಬೇಕಾಗಿರೋದು ಇದು: ನಿನ್ನೆ ಆಸೆ ಯಾವಾಗ ಬಂತು, ಎಷ್ಟೊತ್ತು ಇತ್ತು, ಆಗ ಏನ್ ಮಾಡ್ದೆ, ಇವತ್ತು ಯಾವ ಹೊತ್ತು ಕಷ್ಟ ಅನ್ಸುತ್ತೆ, ಜೇಬಲ್ಲಿ ದುಡ್ಡೆಷ್ಟಿದೆ, ಯಾವ ದಾರೀಲಿ ಮನೆಗೆ ಹೋಗ್ತೀಯ. ಆಸೆ ಅನ್ನೋದು ಏರಿದಷ್ಟೇ ಬೇಗ ಇಳಿಯುತ್ತೆ, ಸಾಮಾನ್ಯವಾಗಿ ಅರ್ಧ ಗಂಟೆ ದಾಟಿಸಿದ್ರೆ ಬಿಗಿ ಕಮ್ಮಿಯಾಗುತ್ತೆ, ಅಷ್ಟೊತ್ತು ಫೋನಲ್ಲಿ ಕ್ರಿಕೆಟ್ ಬಗ್ಗೆ ಮಾತಾಡಿದ್ರೂ ನಡೆಯುತ್ತೆ. ಈ ಕೆಲಸಕ್ಕೆ ಹಳೇ ಕುಡಿಯೋ ಜೊತೆಗಾರ ಬೇಡ, ಅವನೂ ಬಿಟ್ಟು ವರ್ಷಗಟ್ಟಲೆ ಆಗಿದ್ರೆ ಮಾತ್ರ ಸರಿ. ಉಪದೇಶ ಮಾಡೋ ದೊಡ್ಡಪ್ಪನೂ ಬೇಡ.

ಟೆಸ್ಟ್ ಮಾಡಿಸೋಣವಾ ಅಂತ ಕೇಳ್ತಾರೆ. ಮಾಡಿಸಿ, ಆದ್ರೆ ಇಬ್ರೂ ಒಪ್ಪಿ ಮುಂಚೇನೇ ತೀರ್ಮಾನ ಮಾಡಿ. ಉಸಿರಿನ ಟೆಸ್ಟ್ ಕೆಲವು ಗಂಟೆಗಳ ಹಿಂದಿನ ಕುಡಿತ ಮಾತ್ರ ತೋರಿಸುತ್ತೆ, ರಕ್ತದ ಪೆತ್ ಅನ್ನೋ ಟೆಸ್ಟ್ ಎರಡರಿಂದ ನಾಲ್ಕು ವಾರ ಹಿಂದಿನದ್ದನ್ನೂ ಹಿಡಿಯಬಲ್ಲದು, ಎಲ್ಲಾ ಲ್ಯಾಬಲ್ಲೂ ಮಾಡಲ್ಲ. ನಮ್ಮಲ್ಲಿ ಇದನ್ನ ಕೇಳಿ ಮಾಡಿಸ್ಕೊಳೋ ಪೇಶೆಂಟ್‌ಗಳೇ ಇದಾರೆ, ಮನೇಲಿ ಬಾಯಿಮಾತು ನಂಬಲ್ಲ ಸರ್, ಕಾಗದ ಕೊಡಿ ಅಂತ.

ಆಮೇಲೆ ಎಡವಿದ್ರೆ ಏನ್ ಮಾಡೋದು ಅನ್ನೋದನ್ನ ಎಡವೋಕೆ ಮುಂಚೇನೇ ಬರೆದಿಡಬೇಕು, ಇದಕ್ಕೆ ಮನೆಯವರು ಸಿಕ್ಕಾಪಟ್ಟೆ ಬೇಜಾರಾಗ್ತಾರೆ, ಅಪಶಕುನ ಅಂತಾರೆ. ಆದ್ರೆ ಒಂದು ಪೆಗ್ಗಿಗಿಂತ ಅದಾದ ಮೇಲೆ ಬರೋ "ಹೆಂಗೂ ಕುಡಿದಾಯ್ತು, ಇನ್ನೇನು ಮರ್ಯಾದೆ" ಅನ್ನೋ ಯೋಚನೆ ಜಾಸ್ತಿ ಹಾಳು ಮಾಡುತ್ತೆ, ಅಲನ್ ಮಾರ್ಲಟ್ ಅನ್ನೋ ಸೈಕಾಲಜಿಸ್ಟ್ ಇದನ್ನ ಚೆನ್ನಾಗಿ ಗುರುತಿಸಿದ್ರು. ಕಾಗದದಲ್ಲಿ ಇರಬೇಕಾಗಿದ್ದು: ಅವತ್ತೇ ಯಾರಿಗೆ ಹೇಳ್ತೀನಿ, ಉಳಿದ ಬಾಟ್ಲಿ ಯಾರ ಕೈಗೆ ಕೊಡ್ತೀನಿ, ಎಷ್ಟು ದಿನದೊಳಗೆ ಡಾಕ್ಟ್ರನ್ನ ನೋಡ್ತೀನಿ, ಹೇಳಿದ ದಿನ ಮನೇಲಿ ಯಾವ ಯಾವ ಮಾತು ಎತ್ತಬಾರದು. ಡೈಸಲ್ಫಿರಾಮ್ ಮೇಲಿದ್ದು ಕುಡಿದ್ರೆ ಸೀದಾ ಆಸ್ಪತ್ರೆಗೆ. ದಿನಗಟ್ಟಲೆ ಕುಡಿದು ಹೋಗಿದ್ರೆ ಹಠ ಹಿಡಿದು ಮನೇಲೇ ಒಂದೇ ಸಲ ನಿಲ್ಲಿಸೋ ಸಾಹಸ ಬೇಡ, ಕೊನೇ ಪೆಗ್ಗಾದ 6ರಿಂದ 48 ಗಂಟೆ ಒಳಗೆ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೇ ದಿನದಲ್ಲಿ ಸನ್ನಿ ಹಿಡಿಯಬಹುದು.

ಇದೆಲ್ಲ ಎಷ್ಟು ದಿನ ಅಂತ ಕೇಳ್ತಾರೆ. ನಾನು ಆರು ತಿಂಗಳಿಗೆ ಒಂದು ತಾರೀಕು ಹಾಕ್ತೀನಿ, ಅವತ್ತು ಮೂರೂ ಜನ ಕೂತು ಯಾವುದನ್ನ ಸಡಿಲ ಮಾಡೋದು ಅಂತ ನೋಡ್ತೀವಿ. ಮೊದಲು ಟೆಸ್ಟ್ ಬಿಡ್ತೀವಿ, ಆಮೇಲೆ ಬೆಳಗಿನ ಮಾತು ವಾರಕ್ಕೆರಡು ಸಲ ಆಗುತ್ತೆ, ಸಂಜೆ ಫೋನ್ ನಂಬರ್ ಮಾತ್ರ ಹಾಗೇ ಇಟ್ಕೊಳ್ಳಿ ಅಂತೀನಿ. ತಾರೀಕಿಗೆ ಮುಂಚೇನೇ "ನಂಗೆ ಈಗ ಇದ್ಯಾವುದೂ ಬೇಡ ಸರ್, ಫುಲ್ ಕಂಟ್ರೋಲಲ್ಲಿದೀನಿ" ಅಂತ ಯಾರಾದ್ರೂ ಬಂದ್ರೆ ಮುಂದಿನ ಅಪಾಯಿಂಟ್‌ಮೆಂಟ್ ನಾನು ಇನ್ನೂ ಹತ್ರ ಹಾಕ್ತೀನಿ.