ರೇಡಿಯೊ ಲೈಸೆನ್ಸ್ ಹೋಯಿತು, ಸರ್ಕಾರದ ಹಿಡಿತ ಹೋಗಲಿಲ್ಲ

ಮಂಗಳೂರು ಆಕಾಶವಾಣಿ ಶುರುವಾದದ್ದು 1976ರ ಡಿಸೆಂಬರ್ 11ರಂದು. ಸ್ಟುಡಿಯೊ ಇರುವುದು ಕದ್ರಿ ಗುಡ್ಡದ ಮೇಲೆ. ಮೀಡಿಯಂ ವೇವ್ ಪ್ರಸಾರದ ಕಂಬ ನಿಂತದ್ದು ಉಡುಪಿ ಕಡೆಯ ಬ್ರಹ್ಮಾವರದಲ್ಲಿ. ಅಲ್ಲಿವರೆಗೆ ಕರಾವಳಿಯವರು ಭದ್ರಾವತಿ, ಧಾರವಾಡ, ಬೆಂಗಳೂರು ಕೇಂದ್ರಗಳಿಗಾಗಿ ಮುಳ್ಳು ತಿರುಗಿಸುತ್ತಾ ಕೂರಬೇಕಿತ್ತು. ನಮ್ಮದೇ ಕೇಂದ್ರ ಬಂದ ಮೇಲೆ ತುಳು, ಕೊಂಕಣಿ ಮಾತು ರೇಡಿಯೊದಲ್ಲಿ ಕೇಳುವುದು ದಿನನಿತ್ಯದ ಸಂಗತಿಯಾಯಿತು.

ಆದರೆ ಅದು ತುರ್ತು ಪರಿಸ್ಥಿತಿಯ ಕಾಲ. ಪತ್ರಿಕೆಗಳಿಗೆ ಸೆನ್ಸಾರ್ ಇತ್ತು. ಆಕಾಶವಾಣಿಗೆ ಸೆನ್ಸಾರೇ ಬೇಕಿರಲಿಲ್ಲ, ಅದು ನೇರವಾಗಿ ಸರ್ಕಾರದ ಇಲಾಖೆ. ತುರ್ತು ಪರಿಸ್ಥಿತಿ ಘೋಷಣೆಯಾದ ಕೆಲವೇ ದಿನಗಳಲ್ಲಿ ವಾರ್ತಾ ಮಂತ್ರಿ ಐ.ಕೆ. ಗುಜ್ರಾಲರನ್ನು ಬದಲಾಯಿಸಿ, ಆ ಜಾಗಕ್ಕೆ ವಿ.ಸಿ. ಶುಕ್ಲಾರನ್ನು ತಂದು ಕೂರಿಸಿದ್ದರು. ಜನ 'ಆಲ್ ಇಂಡಿಯಾ ರೇಡಿಯೊ'ವನ್ನು 'ಆಲ್ ಇಂದಿರಾ ರೇಡಿಯೊ' ಎಂದು ಕರೆದದ್ದು ಆಗಲೇ. ಹಾಗಾಗಿ, ನಮ್ಮ ಊರಿನ ಭಾಷೆಗಳಿಗೆ ದನಿ ಕೊಟ್ಟ ಕೇಂದ್ರ ಹುಟ್ಟಿದ್ದು ದೇಶದ ಬಾಯಿ ಕಟ್ಟಿದ್ದ ಹೊತ್ತಿನಲ್ಲಿ.

ಇದರಲ್ಲಿ ಇನ್ನೊಂದು ವಿಷಯ ಇದೆ. ಆಗ ರೇಡಿಯೊ ಕೇಳುವುದಕ್ಕೆ ಜನ ದುಡ್ಡು ಕಟ್ಟುತ್ತಿದ್ದರು. ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಮನೆಯಲ್ಲಿ ರೇಡಿಯೊ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು. ಅಂಚೆ ಕಚೇರಿಯಲ್ಲಿ ಒಂದು ಚಿಕ್ಕ ಪುಸ್ತಕ ಕೊಡುತ್ತಿದ್ದರು. ಅದರಲ್ಲಿ ಮನೆ ಯಜಮಾನರ ಹೆಸರು, ವಿಳಾಸ, ರೇಡಿಯೊ ಯಾವ ಕಂಪನಿಯದ್ದು, ಯಾವ ಮಾಡೆಲ್ ಎಂಬ ವಿವರ. ಒಳಗಿನ ಪುಟಗಳಲ್ಲಿ ವರ್ಷ ವರ್ಷದ ಸ್ಟಾಂಪು, ಅದರ ಮೇಲೆ ಅಂಚೆ ಕಚೇರಿಯ ತಾರೀಕಿನ ಸೀಲು. ಮನೆಯ ರೇಡಿಯೊಗೆ ವರ್ಷಕ್ಕೆ 15 ರೂಪಾಯಿ. ಹೋಟೆಲ್, ಅಂಗಡಿಯಲ್ಲಿ ಹಾಕಿದರೆ ಜಾಸ್ತಿ. ಆಮೇಲೆ ಟಿವಿ ಬಂದಾಗ ಅದಕ್ಕೆ 50 ರೂಪಾಯಿ. ತಡವಾದರೆ ದಂಡ ಬೇರೆ. ಹಳೇ ಮನೆಗಳ ಕಪಾಟಿನಲ್ಲಿ, ಭೂಮಿ ಕಾಗದ, ತೀರ್ವೆ ರಶೀದಿಗಳ ನಡುವೆ ಈ ಪುಸ್ತಕ ಈಗಲೂ ಸಿಗುವುದುಂಟು.

ಈ ಶುಲ್ಕಕ್ಕೆ ಒಂದು ಕಾರಣ ಇತ್ತು. 1927ರಲ್ಲಿ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬೈ ಮತ್ತು ಕಲ್ಕತ್ತಾದಲ್ಲಿ ಪ್ರಸಾರ ಶುರು ಮಾಡಿತು. ಅದು ಖಾಸಗಿ ಕಂಪನಿ. ಲೈಸೆನ್ಸಿಗೆ ವರ್ಷಕ್ಕೆ 10 ರೂಪಾಯಿ, ಅದರಲ್ಲಿ 8 ರೂಪಾಯಿ ಕಂಪನಿಗೆ. ಕೇಳುಗರು ಕೊಟ್ಟ ದುಡ್ಡಿನಲ್ಲೇ ಕೇಂದ್ರ ನಡೆಯಬೇಕು ಎಂಬುದು ಲೆಕ್ಕಾಚಾರ. ಆದರೆ ಇಷ್ಟು ದೊಡ್ಡ ದೇಶದಲ್ಲಿ ಲೈಸೆನ್ಸ್ ತೆಗೆದುಕೊಂಡವರು ಕೆಲವೇ ಸಾವಿರ. ಮೂರು ವರ್ಷದಲ್ಲಿ ಕಂಪನಿ ಮುಳುಗಿತು. 1930ರಲ್ಲಿ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು. 1933ರ ವೈರ್‌ಲೆಸ್ ಕಾಯ್ದೆ ಬಂದ ಮೇಲೆ ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಳ್ಳುವುದೇ ಅಪರಾಧವಾಯಿತು.

ಅಲ್ಲಿಗೆ ಮೂಲ ಲೆಕ್ಕಾಚಾರ ತಲೆಕೆಳಗಾಯಿತು. ಕೇಳುಗರ ದುಡ್ಡು ಈಗ ರೇಡಿಯೊ ಕೇಂದ್ರಕ್ಕಲ್ಲ, ಸರ್ಕಾರದ ಖಜಾನೆಗೆ. ದುಡ್ಡು ಕಟ್ಟಿದವರಿಗೆ ಪ್ರಸಾರದ ಮೇಲೆ ಯಾವ ಹಕ್ಕೂ ಇರಲಿಲ್ಲ. 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮಂತ್ರಿಯಾದರು. ಸಿನಿಮಾ ಹಾಡುಗಳು ಕೆಳಮಟ್ಟದವು ಎಂದು ಅವರ ಕಾಲದಲ್ಲಿ ಆಕಾಶವಾಣಿಯಿಂದ ಅವು ಮಾಯವಾದವು. ಜನ ಏನು ಮಾಡಿದರು? ರೇಡಿಯೊ ಸಿಲೋನ್ ಹಚ್ಚಿದರು. ಲೈಸೆನ್ಸ್ ಕಟ್ಟಿದ್ದು ಭಾರತ ಸರ್ಕಾರಕ್ಕೆ, ಹಾಡು ಕೇಳಿದ್ದು ಕೊಲಂಬೊದಿಂದ! 1957ರಲ್ಲಿ ವಿವಿಧ ಭಾರತಿ ಶುರುವಾದ ಮೇಲಷ್ಟೇ ಕೇಳುಗರು ಮೆಲ್ಲನೆ ಹಿಂದೆ ಬಂದರು.

ಸರ್ಕಾರದ ಹಿಡಿತ ಸಡಿಲಿಸಬೇಕು ಎಂಬ ಮಾತು ತುರ್ತು ಪರಿಸ್ಥಿತಿಗೆ ಮೊದಲೂ ಇತ್ತು. 1966ರಲ್ಲಿ ಎ.ಕೆ. ಚಂದಾ ಅವರ ಸಮಿತಿ ರೇಡಿಯೊಗೆ ಒಂದು, ಟಿವಿಗೆ ಒಂದು ನಿಗಮ ಮಾಡಿ ಎಂದಿತ್ತು. 1976ರಲ್ಲಿ ಟಿವಿಯನ್ನು ಆಕಾಶವಾಣಿಯಿಂದ ಬೇರೆ ಮಾಡಿದರು, ಆದರೆ ಎರಡೂ ಮಂತ್ರಾಲಯದ ಕೈಕೆಳಗೇ ಉಳಿದವು. 1977ರ ಫೆಬ್ರವರಿಯಲ್ಲಿ ದೆಹಲಿಯ ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ದೊಡ್ಡ ಸಭೆ ಇತ್ತು. ಜನ ಮನೆಬಿಟ್ಟು ಹೋಗದಿರಲಿ ಎಂದು ಅದೇ ಸಂಜೆ ದೂರದರ್ಶನದಲ್ಲಿ ಜನಪ್ರಿಯ ಹಿಂದಿ ಸಿನಿಮಾ ಹಾಕಿದರು. ಜನ ಸಭೆಗೇ ಹೋದರು.

ಚುನಾವಣೆ ಗೆದ್ದ ಜನತಾ ಸರ್ಕಾರ ಪತ್ರಕರ್ತ ಬಿ.ಜಿ. ವರ್ಗೀಸ್ ಅವರ ಸಮಿತಿ ಮಾಡಿತು. 1978ರಲ್ಲಿ ಬಂದ ವರದಿ 'ಆಕಾಶ ಭಾರತಿ' ಎಂಬ ಸ್ವತಂತ್ರ ಟ್ರಸ್ಟ್ ಬೇಕು ಎಂದಿತು. ಯಾವ ಪಕ್ಷದ ಸರ್ಕಾರ ಬಂದರೂ ಅದನ್ನು ಮುಟ್ಟಲಾಗದಂತೆ ಸಂವಿಧಾನದಲ್ಲೇ ರಕ್ಷಣೆ ಇರಬೇಕು ಎಂಬುದು ಅವರ ಒತ್ತಾಯ. ಆದರೆ 1979ರಲ್ಲಿ ಎಲ್.ಕೆ. ಅಡ್ವಾಣಿ ತಂದ ಮಸೂದೆಯಲ್ಲಿ ಆ ಗಟ್ಟಿತನ ಇರಲಿಲ್ಲ. ಸರ್ಕಾರ ಬಿತ್ತು, ಮಸೂದೆಯೂ ಬಿತ್ತು. ಜೈಲಿನಲ್ಲಿದ್ದು ಬಂದವರೂ ಅಧಿಕಾರ ಸಿಕ್ಕ ಮೇಲೆ ಮೈಕನ್ನು ಪೂರ್ತಿ ಬಿಟ್ಟುಕೊಡಲು ಹಿಂದೇಟು ಹಾಕಿದರು. ಇಡೀ ಕಥೆಯಲ್ಲಿ ನನಗೆ ತುಂಬಾ ಬೇಸರ ತರಿಸುವ ಭಾಗ ಇದು.

1985ರಲ್ಲಿ ಲೈಸೆನ್ಸ್ ಶುಲ್ಕ ರದ್ದಾಯಿತು. ಆಗ ಹಣಕಾಸು ಮಂತ್ರಿ ವಿ.ಪಿ. ಸಿಂಗ್. ಜನಕ್ಕೆ ಖುಷಿಯಾಯಿತು, ಸಹಜವೇ. ಅಂಚೆ ಕಚೇರಿಯ ಸಾಲು ತಪ್ಪಿತಲ್ವಾ? ಆದರೆ ಕೇಳುಗನಿಗೂ ರೇಡಿಯೊ ಕೇಂದ್ರಕ್ಕೂ ನಡುವೆ ಇದ್ದ ಹಣದ ನಂಟು, ಅದು ಹೆಸರಿಗೆ ಮಾತ್ರ ಇದ್ದದ್ದಾದರೂ, ಅವತ್ತಿಗೆ ಕಡಿದುಹೋಯಿತು. ಉಳಿದದ್ದು ಬಜೆಟ್ ಮತ್ತು ಜಾಹೀರಾತು.

ಐದು ವರ್ಷ ಕಳೆದು ಅದೇ ವಿ.ಪಿ. ಸಿಂಗ್ ಪ್ರಧಾನಿಯಾಗಿದ್ದಾಗ, ಆಕಾಶವಾಣಿ ಮತ್ತು ದೂರದರ್ಶನ ಎರಡನ್ನೂ ಒಂದು ಸ್ವಾಯತ್ತ ಸಂಸ್ಥೆಗೆ ಒಪ್ಪಿಸುವ ಪ್ರಸಾರ ಭಾರತಿ ಕಾಯ್ದೆ ಪಾಸಾಯಿತು. ಕಾಯ್ದೆ ಏಳು ವರ್ಷ ಸುಮ್ನೆ ಕಪಾಟಿನಲ್ಲಿತ್ತು. ಗಾಳಿಯಲೆಗಳು ಜನರ ಆಸ್ತಿ, ಸರ್ಕಾರದ ಸ್ವತ್ತಲ್ಲ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಕೊನೆಗೆ 1997ರಲ್ಲಿ ಕಾಯ್ದೆ ಜಾರಿಗೆ ಬಂತು. ಆಗ ಪ್ರಧಾನಿ ಯಾರು ಗೊತ್ತೇ? 1975ರಲ್ಲಿ ವಾರ್ತಾ ಖಾತೆ ಕಳೆದುಕೊಂಡ ಅದೇ ಗುಜ್ರಾಲ್.

ಕಾಗದದಲ್ಲಿ ಪ್ರಸಾರ ಭಾರತಿ ಸ್ವಾಯತ್ತ ಸಂಸ್ಥೆ. ಅಧ್ಯಕ್ಷರನ್ನು ಆರಿಸುವ ಸಮಿತಿಯಲ್ಲಿ ಉಪರಾಷ್ಟ್ರಪತಿ ಇರುತ್ತಾರೆ, ಪ್ರೆಸ್ ಕೌನ್ಸಿಲ್ ಅಧ್ಯಕ್ಷರು ಇರುತ್ತಾರೆ. ಆದರೆ 2007ರ ಅಕ್ಟೋಬರ್ 5ಕ್ಕೆ ಮುಂಚೆ ಸೇರಿದ ನೌಕರರು ಸರ್ಕಾರಿ ನೌಕರರೇ, ಅವರ ಸಂಬಳ ಸರ್ಕಾರದ್ದೇ. ಟವರ್ ಏರಿಸಬೇಕಾದರೂ ಸರ್ಕಾರವನ್ನೇ ಕೇಳಬೇಕು. 2023ರ ಜನವರಿಯಲ್ಲಿ ಆಕಾಶವಾಣಿ, ದೂರದರ್ಶನಗಳ ಯಂತ್ರ, ಟವರ್‌ಗಳ ಸುಧಾರಣೆಗೆ ಸುಮಾರು 2,539 ಕೋಟಿ ರೂಪಾಯಿ ಮಂಜೂರು ಮಾಡಿದ್ದು ಕೇಂದ್ರ ಸಂಪುಟ. ಪ್ರಸಾರ ಭಾರತಿಯ ಸುಧಾರಣೆಗೆಂದು ನೇಮಿಸಿದ್ದ ಸ್ಯಾಮ್ ಪಿತ್ರೋಡಾ ಸಮಿತಿ 2014ರಲ್ಲಿ ಇದನ್ನೇ ಎತ್ತಿ ತೋರಿಸಿತ್ತು: ಹಣ, ನೇಮಕಾತಿ ಎರಡೂ ಸರ್ಕಾರದ ಕೈಯಲ್ಲಿರುವಾಗ ಸ್ವಾಯತ್ತತೆ ಬರುವುದಿಲ್ಲ.

ಪಕ್ಷಪಾತದ ದೂರು ಒಂದೇ ಪಕ್ಷದ ಮೇಲಿನದ್ದಲ್ಲ. ರಾಜೀವ್ ಗಾಂಧಿ ಕಾಲದಲ್ಲಿ ದೂರದರ್ಶನಕ್ಕೆ 'ರಾಜೀವ್ ದರ್ಶನ' ಎಂಬ ಅಡ್ಡಹೆಸರು ಬಿದ್ದಿತ್ತು. 2014ರ ಅಕ್ಟೋಬರ್‌ನಲ್ಲಿ ಆರೆಸ್ಸೆಸ್ ಮುಖ್ಯಸ್ಥರ ವಿಜಯದಶಮಿ ಭಾಷಣವನ್ನು ದೂರದರ್ಶನ ನೇರಪ್ರಸಾರ ಮಾಡಿದಾಗ ಗಲಾಟೆಯಾಯಿತು. 2017ರ ಸ್ವಾತಂತ್ರ್ಯ ದಿನಕ್ಕೆ ತ್ರಿಪುರಾ ಮುಖ್ಯಮಂತ್ರಿ ಮಾಣಿಕ್ ಸರ್ಕಾರ್ ಕೊಟ್ಟ ಭಾಷಣವನ್ನು ಬದಲಾಯಿಸಿದರೆ ಮಾತ್ರ ಪ್ರಸಾರ ಎಂದರು. ಅವರು ಬದಲಾಯಿಸಲಿಲ್ಲ, ಪ್ರಸಾರವೂ ಆಗಲಿಲ್ಲ.

ಹಾಗಾದರೆ ಬ್ರಿಟನ್ನಿನ ಬಿಬಿಸಿಯ ಹಾಗೆ ಮತ್ತೆ ಲೈಸೆನ್ಸ್ ಶುಲ್ಕ ತರಬೇಕೇ? ಅಲ್ಲಿ ಮನೆಗೊಂದರಂತೆ ಟಿವಿ ಲೈಸೆನ್ಸ್ ಇದೆ. 2025ರ ಏಪ್ರಿಲ್‌ನಿಂದ ಅದು ವರ್ಷಕ್ಕೆ 174.50 ಪೌಂಡ್ ಆಗಿತ್ತು. ಕಟ್ಟದೆ ಟಿವಿ ನೋಡಿದರೆ ಕೋರ್ಟು, ದಂಡ. ದುಡ್ಡು ಬಿಬಿಸಿಗೇ ಹೋಗುತ್ತದೆ, ನಮ್ಮಲ್ಲಿ ಖಜಾನೆ ಸೇರಿದ ಹಾಗಲ್ಲ. ಆದರೂ ಶುಲ್ಕ ಎಷ್ಟು ಎಂದು ತೀರ್ಮಾನಿಸುವುದು ಸರ್ಕಾರ. 2022ರಲ್ಲಿ ಅಲ್ಲಿನ ಸರ್ಕಾರ ಅದನ್ನು ಎರಡು ವರ್ಷ 159 ಪೌಂಡಿಗೇ ನಿಲ್ಲಿಸಿತು. ಬೆಲೆ ಏರುತ್ತಿದ್ದ ಕಾಲದಲ್ಲಿ ಅದು ಕೈ ತಿರುಚಿದ ಹಾಗೇ. ಎಡದವರು, ಬಲದವರು ಇಬ್ಬರೂ ಬಿಬಿಸಿ ತಮ್ಮ ವಿರೋಧಿ ಎನ್ನುತ್ತಾರೆ. 2025ರ ನವೆಂಬರ್‌ನಲ್ಲಿ ಟ್ರಂಪ್ ಭಾಷಣವನ್ನು ತಪ್ಪಾಗಿ ಕತ್ತರಿಸಿ ಜೋಡಿಸಿದ ವಿವಾದದಲ್ಲಿ ಬಿಬಿಸಿಯ ಮಹಾನಿರ್ದೇಶಕರೂ ಸುದ್ದಿ ವಿಭಾಗದ ಮುಖ್ಯಸ್ಥರೂ ರಾಜೀನಾಮೆ ಕೊಟ್ಟರು. ಬಿಬಿಸಿ ನಡೆಯುವುದಕ್ಕೆ ಆಧಾರವಾದ ಈಗಿನ ಚಾರ್ಟರ್, ಅಂದರೆ ಸನದು, 2027ರ ಕೊನೆಗೆ ಮುಗಿಯುತ್ತದೆ, ಶುಲ್ಕ ಇರಬೇಕೇ ಬೇಡವೇ ಎಂಬ ಜಗಳ ಜೋರಾಗಿದೆ. ಫ್ರಾನ್ಸ್ 2022ರಲ್ಲೇ ಶುಲ್ಕ ತೆಗೆದುಹಾಕಿತು. ಸ್ವಿಟ್ಜರ್ಲೆಂಡಿನಲ್ಲಿ 2018ರಲ್ಲಿ ಜನರನ್ನೇ ಕೇಳಿದರು. ಶುಲ್ಕ ಇರಲಿ ಎಂದವರು ಶೇಕಡಾ 71ಕ್ಕೂ ಹೆಚ್ಚು.

ನಮ್ಮಲ್ಲಿ ಆ ಪುಸ್ತಕ, ಸ್ಟಾಂಪು ಮತ್ತೆ ಬೇಡ. ಬಡವನಿಗೂ ಶ್ರೀಮಂತನಿಗೂ ಒಂದೇ ಶುಲ್ಕ ಎಂಬುದು ನ್ಯಾಯವೂ ಅಲ್ಲ. ಆದರೆ ಜಾಹೀರಾತಿನ ಕೈಗೆ ಬಿಟ್ಟುಬಿಡಿ ಎಂಬ ವಾದವನ್ನು ಕರಾವಳಿಯವರು ಒಪ್ಪಲೇಬಾರದು. ಬ್ಯಾರಿ ಭಾಷೆಯ ಕಾರ್ಯಕ್ರಮಕ್ಕೆ ಯಾವ ಸೋಪಿನ ಕಂಪನಿ ದುಡ್ಡು ಹಾಕುತ್ತದೆ? ತಾಳಮದ್ದಳೆಗೆ ಭಾಗವತರು, ಮದ್ದಳೆ, ಚೆಂಡೆ, ನಾಲ್ಕೈದು ಅರ್ಥಧಾರಿಗಳು, ಎಲ್ಲರಿಗೂ ಸಂಭಾವನೆ ಕೊಡಬೇಕು. ಒಂದೊಂದು ಮಾತುಗಾರಿಕೆಗೂ ಹತ್ತು ನಿಮಿಷ ಬಿಡಬೇಕು, ನಡುವೆ ಜಾಹೀರಾತು ತುರುಕಿದರೆ ರಸವೇ ಹೋಯಿತು. ಕಡಲಿಗೆ ಇಳಿಯಬೇಡಿ ಎಂದು ಮೀನುಗಾರರಿಗೆ ಹೇಳುವ ಎಚ್ಚರಿಕೆಯಲ್ಲಿ ಯಾರಿಗೂ ಲಾಭ ಇಲ್ಲ. ಇವಕ್ಕೆಲ್ಲ ಸಾರ್ವಜನಿಕ ದುಡ್ಡೇ ಬೇಕು.

ಸುದ್ದಿಯ ವಿಷಯದಲ್ಲಂತೂ ಇದು ಇನ್ನೂ ಗಂಭೀರ. ಮಂಗಳೂರಿನ ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಓದುವಂತಿಲ್ಲ. ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೇ ಹಾಕಬಹುದು, ಅಷ್ಟೆ. ರೇಡಿಯೊ ಸಾರಂಗ್, ರೇಡಿಯೊ ಮಣಿಪಾಲ್‌ನಂಥ ಸಮುದಾಯ ಬಾನುಲಿಗಳಿಗೂ ಸುದ್ದಿಯಲ್ಲಿ ಇದೇ ಕಟ್ಟು. 1843ರಲ್ಲೇ ಕನ್ನಡದ ಮೊದಲ ಪತ್ರಿಕೆ ಕಂಡ ಊರು ಮಂಗಳೂರು. ಅಂಥ ಊರಿನಲ್ಲಿ ರೇಡಿಯೊ ಸುದ್ದಿಗೆ ಇರುವುದು ಒಂದೇ ಬಾಯಿ. ಅದು ಸ್ವತಂತ್ರವಾಗಿ ಮಾತಾಡಬೇಕು.

ಅದಕ್ಕೆ ಐದಾರು ವರ್ಷದ ಹಣವನ್ನು ಒಟ್ಟಿಗೆ, ಕಾನೂನಿನ ಮೂಲಕವೇ ನಿಗದಿ ಮಾಡಬೇಕು. ಯಾವ ಮಂತ್ರಿಯೂ ನಡುವೆ ಕಡಿತ ಮಾಡುವಂತಿರಬಾರದು. ಇದಕ್ಕೆ ತಿದ್ದುಪಡಿ ಬೇಕು, ಸಮಯ ಹಿಡಿಯುತ್ತದೆ. ಆದರೆ ಒಂದು ಕೆಲಸಕ್ಕೆ ಹೊಸ ಕಾನೂನೇ ಬೇಡ. ಪ್ರಸಾರ ಭಾರತಿಯ ಮೇಲೆ ಕಣ್ಣಿಡಲು 22 ಸಂಸದರ ಸಮಿತಿ ಇರಬೇಕು, 15 ಮಂದಿ ಲೋಕಸಭೆಯಿಂದ, 7 ಮಂದಿ ರಾಜ್ಯಸಭೆಯಿಂದ ಎಂದು 1990ರ ಕಾಯ್ದೆಯ 13ನೇ ಕಲಮು ಹೇಳುತ್ತದೆ. ಎಲ್ಲ ಪಕ್ಷದವರೂ ಕೂತು ಪ್ರಶ್ನೆ ಕೇಳುವ ಜಾಗ ಅದು. ಕಾಯ್ದೆ ಜಾರಿಯಾದ ಮೇಲೆ ಎಲ್ಲ ಬಣ್ಣದ ಸರ್ಕಾರಗಳೂ ಬಂದು ಹೋದವು, ಸಮಿತಿಯನ್ನು ಮಾತ್ರ ಯಾರೂ ಮಾಡಲಿಲ್ಲ. ದಕ್ಷಿಣ ಕನ್ನಡ ಮತ್ತು ಉಡುಪಿ-ಚಿಕ್ಕಮಗಳೂರು ಸಂಸದರು ಮುಂದಿನ ಅಧಿವೇಶನದಲ್ಲಿ ಎದ್ದು ನಿಂತು ಈ ಸಮಿತಿ ಎಲ್ಲಿ ಎಂದು ಕೇಳಲಿ.