ಮೂಳೆಯಲ್ಲಿ ಟೊಳ್ಳು, ಮಿದುಳಿನಲ್ಲಿ ಮರೆವು: ಟ್ರೆಮ್-2 ಜೀನಿನ ಕಥೆ

ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬನಿಗೆ ಪಾದದ ಗಂಟಿನಲ್ಲಿ ನೋವು ಶುರುವಾಗುತ್ತದೆ. ಉಳುಕಿರಬೇಕು ಅಂದುಕೊಳ್ಳುತ್ತಾನೆ. ಆಮೇಲೆ ಮಣಿಕಟ್ಟೂ ನೋಯುತ್ತದೆ. ಸುಮ್ನೆ ಎಡವಿ ಬಿದ್ದರೂ ಮೂಳೆ ಮುರಿಯುತ್ತದೆ. ಎಕ್ಸ್‌ರೇ ತೆಗೆಸಿ ನೋಡಿದರೆ ಕೈಕಾಲಿನ ಮೂಳೆಗಳ ತುದಿಯಲ್ಲಿ ಗುಳ್ಳೆ ಗುಳ್ಳೆಯಂಥ ಟೊಳ್ಳು. ಸರಿ, ಇದು ಮೂಳೆಯ ಕಾಯಿಲೆ ಅಂತ ಎಲ್ಲರೂ ತಿಳಿದಿರುವಾಗ, ಮೂವತ್ತು ದಾಟುತ್ತಿದ್ದಂತೆ ಅವನ ಸ್ವಭಾವವೇ ಬದಲಾಗುತ್ತದೆ. ತೂಕವಾಗಿ ಮಾತಾಡುತ್ತಿದ್ದವನು ಹಿಂದೆ ಮುಂದೆ ನೋಡದೆ ಏನೇನೋ ಆಡಿಬಿಡುತ್ತಾನೆ, ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ, ಹೇಳಿದ್ದು ನೆನಪಿರುವುದಿಲ್ಲ. ನಲವತ್ತರ ಹೊತ್ತಿಗೆ ತೀವ್ರ ಮರೆವು, ಜೊತೆಗೆ ಫಿಟ್ಸ್. ಈ ಕಾಯಿಲೆ ಬಂದ ಬಹಳಷ್ಟು ಜನ ಐವತ್ತರ ಸುಮಾರಿಗೆ ತೀರಿಕೊಳ್ಳುತ್ತಾರೆ.

ಇದಕ್ಕೆ ನಾಸು-ಹಕೋಲಾ ಕಾಯಿಲೆ ಅಂತ ಹೆಸರು. ಜಪಾನಿನಲ್ಲಿ ನಾಸು, ಫಿನ್‌ಲೆಂಡಿನಲ್ಲಿ ಹಕೋಲಾ ಎಂಬ ವೈದ್ಯರು ಬೇರೆ ಬೇರೆಯಾಗಿ ಇದನ್ನು ಗುರುತಿಸಿದರು. ಬಹಳ ಅಪರೂಪದ ಕಾಯಿಲೆ. ಆದರೂ ನನಗೆ ಇದರ ಬಗ್ಗೆ ಬರೆಯಲೇಬೇಕು ಅನ್ನಿಸಿದ್ದಕ್ಕೆ ಕಾರಣ ಇದೆ. ಕೈಬೆರಳೆಣಿಕೆಯ ಕುಟುಂಬಗಳ ಈ ಕಾಯಿಲೆಯೇ, ಇವತ್ತು ಕೋಟ್ಯಂತರ ಮನೆಗಳನ್ನು ಕಾಡುತ್ತಿರುವ ಆಲ್ಝೈಮರ್ ಮರೆವಿನ ಒಂದು ದೊಡ್ಡ ಸುಳಿವನ್ನು ಹತ್ತು ವರ್ಷ ಮೊದಲೇ ಕೊಟ್ಟಿತ್ತು.

ಅಪ್ಪ ಅಮ್ಮ ಆರೋಗ್ಯವಾಗಿದ್ದೂ ಮಕ್ಕಳಲ್ಲಿ ಒಬ್ಬಿಬ್ಬರಿಗೆ ಮಾತ್ರ ಕಾಯಿಲೆ ಬರುತ್ತಿತ್ತು. ಅಂದರೆ ಜೀನಿನ ಎರಡೂ ಪ್ರತಿ ಕೆಟ್ಟಿದ್ದರೆ ಮಾತ್ರ ಕಾಯಿಲೆ, ಒಂದು ಸರಿಯಿದ್ದರೆ ಸಾಕು ನಡೆದುಹೋಗುತ್ತದೆ. ಆ ಜೀನ್ ಯಾವುದು ಅಂತ ಫಿನ್‌ಲೆಂಡಿನ ಸಂಶೋಧಕರು ಹುಡುಕಿದರು. 2000ದಲ್ಲಿ ಡ್ಯಾಪ್-12 ಎಂಬ ಪ್ರೋಟೀನಿನ ಜೀನ್ ಸಿಕ್ಕಿತು. ಆದರೆ ಕೆಲವು ಕುಟುಂಬಗಳಲ್ಲಿ ಅದು ಸರಿಯಾಗಿಯೇ ಇತ್ತು. ಅವರಲ್ಲಿ ಕೆಟ್ಟಿದ್ದು ಇನ್ನೊಂದು, ಆರನೇ ಕ್ರೋಮೋಸೋಮಿನಲ್ಲಿರುವ ಟ್ರೆಮ್-2 ಅನ್ನುವ ರಿಸೆಪ್ಟರ್ ಜೀನ್. ಇದು ಗೊತ್ತಾಗಿದ್ದು 2002ರಲ್ಲಿ.

ಇಲ್ಲಿ ಒಂದು ವಿಚಿತ್ರ ಇತ್ತು. ಮರೆವು ಅಂದರೆ ನರಕೋಶಗಳ ತೊಂದರೆ ಅಂತ ತಾನೇ ನಾವು ಓದಿರುವುದು? ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ, ನೆನಪು, ಮಾತು, ಲೆಕ್ಕ ಎಲ್ಲ ಅವುಗಳದ್ದೇ ಕೆಲಸ. ಆದರೆ ಮಿದುಳಿನಲ್ಲಿ ಟ್ರೆಮ್-2 ಕಾಣಿಸುವುದು ಮುಖ್ಯವಾಗಿ ಮೈಕ್ರೋಗ್ಲಿಯಾ ಎನ್ನುವ ಬೇರೆಯದೇ ಕೋಶಗಳ ಮೇಲೆ.

ಮೈಕ್ರೋಗ್ಲಿಯಾಗಳನ್ನು 1919ರಲ್ಲಿ ಬೇರೆಯಾಗಿ ಗುರುತಿಸಿ ಹೆಸರಿಟ್ಟವನು ಸ್ಪೇನಿನ ಪಿಯೋ ದೆಲ್ ರಿಯೋ-ಒರ್ತೆಗಾ. ಇವು ಮಿದುಳಿನಲ್ಲಿ ವಾಸವಾಗಿರುತ್ತವೆ, ಆದರೆ ಹುಟ್ಟಿನಿಂದ ಮಿದುಳಿನವಲ್ಲ. ಭ್ರೂಣಕ್ಕೆ ಇನ್ನೂ ಕೆಲವೇ ವಾರ ಆಗಿರುವಾಗ, ಅದರ ಜೊತೆಗಿರುವ ಒಂದು ಪುಟ್ಟ ಚೀಲದಲ್ಲಿ ಹುಟ್ಟಿ, ಅಲ್ಲಿಂದ ಮಿದುಳಿಗೆ ಬಂದು ಸೇರಿಕೊಳ್ಳುತ್ತವೆ. ಆಮೇಲೆ ಜೀವನಪೂರ್ತಿ ಅಲ್ಲೇ. ತೆಳ್ಳಗಿನ ತೋಳುಗಳನ್ನು ಚಾಚಿ ಚಾಚಿ ಸುತ್ತಲಿನ ಜಾಗವನ್ನು ತಡವಿ ನೋಡುತ್ತಲೇ ಇರುತ್ತವೆ. ಸತ್ತ ಕೋಶ ಸಿಕ್ಕರೆ ನುಂಗಿ ಹಾಕುತ್ತವೆ, ರೋಗಾಣು ಬಂದರೆ ಎದುರಿಸುತ್ತವೆ. ಬೆಳೆಯುವ ಮಿದುಳಿನಲ್ಲಿ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಜೋಡಣೆಗಳು ಬೆಳೆದಿರುತ್ತವಲ್ಲ, ಅವುಗಳಲ್ಲಿ ಬೇಡದ್ದನ್ನು ಕಳೆ ಕೀಳುವ ಹಾಗೆ ಕಿತ್ತು ಹಾಕುವುದರಲ್ಲೂ ಇವುಗಳ ಕೈ ಇದೆ. ಇಲಿಗಳಲ್ಲಿ ಟ್ರೆಮ್-2 ತೆಗೆದರೆ ಈ ಕಳೆ ಕೀಳುವ ಕೆಲಸವೂ ಹಿಂದೆ ಬೀಳುತ್ತದೆ.

ಹಾಗಾದರೆ ಮೂಳೆಗೇನು ಸಂಬಂಧ? ನಮ್ಮ ಮೂಳೆ ಕಲ್ಲಿನ ಹಾಗೆ ಸುಮ್ಮನೆ ಕೂತಿರುವುದಿಲ್ಲ. ಒಂದು ಬಗೆಯ ಕೋಶಗಳು ಹಳೆಯದನ್ನು ಕೊರೆದು ತೆಗೆಯುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಕೊರೆಯುವ ಕೋಶಗಳೂ ಮೈಕ್ರೋಗ್ಲಿಯಾಗಳೂ ದೂರದ ದಾಯಾದಿಗಳು. ಎರಡರ ಮೇಲೂ ಟ್ರೆಮ್-2 ಇದೆ. ಕಣಕಾಲಿನ ನೋವೂ ಮಿದುಳಿನ ಮರೆವೂ ಒಂದೇ ಬಳ್ಳಿಯ ಕಾಯಿಗಳು. ಮೊದಲ ಸಲ ಇದನ್ನು ಓದಿದ ದಿನ ನಾನು ಪುಸ್ತಕ ಪಕ್ಕಕ್ಕಿಟ್ಟು ತುಂಬಾ ಹೊತ್ತು ಸುಮ್ಮನೆ ಕೂತಿದ್ದೆ.

ರಿಸೆಪ್ಟರ್ ಅಂದರೇನು ಅಂತ ಒಂದು ಮಾತು. ಕೋಶದ ಹೊರಪದರದಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ಸಿಕ್ಕಿಸಿಕೊಂಡಿರುವ ಪ್ರೋಟೀನ್ ಅದು. ಹೊರಗೆ ಏನೋ ತಾಗಿದರೆ ಒಳಗೆ ಸುದ್ದಿ ಹೋಗುತ್ತದೆ. ಬಾಗಿಲ ಪಕ್ಕದ ಬೆಲ್ ಸ್ವಿಚ್ಚಿನ ಹಾಗೆ. ಟ್ರೆಮ್-2 ಸ್ವಿಚ್ಚಿಗೆ ಮಾತ್ರ ತನ್ನದೇ ವೈರ್ ಇಲ್ಲ, ಅದರ ಒಳಗಿನ ತುದಿ ತೀರಾ ಗಿಡ್ಡ. ಅದಕ್ಕೆ ಅದು ಪಕ್ಕದಲ್ಲಿರುವ ಡ್ಯಾಪ್-12ನ್ನು ವೈರ್ ಮಾಡಿಕೊಳ್ಳುತ್ತದೆ. ಸ್ವಿಚ್ ಕೆಟ್ಟರೂ ವೈರ್ ಕೆಟ್ಟರೂ ಬೆಲ್ ಆಗುವುದಿಲ್ಲ ಅಲ್ವಾ? ಎರಡು ಬೇರೆ ಬೇರೆ ಜೀನ್ ಕೆಟ್ಟರೂ ಕಾಯಿಲೆ ಒಂದೇ ಆಗಿದ್ದು ಇದರಿಂದಲೇ.

ಈ ಸ್ವಿಚ್ ಒತ್ತುವುದು ಹೆಚ್ಚಾಗಿ ಕೊಬ್ಬಿನ ಅಣುಗಳು. ನರಕೋಶ ಸಾಯುವಾಗ ಅದರ ಹೊರಪದರದ ಕೊಬ್ಬು ಹೊರಗೆ ಕಾಣಿಸಿಕೊಳ್ಳುತ್ತದೆ. ನರತಂತುಗಳಿಗೆ ಸುತ್ತಿದ ಮೈಲಿನ್ ಎನ್ನುವ ಹೊದಿಕೆ ಚೂರುಚೂರಾದಾಗಲೂ ಕೊಬ್ಬೇ ಸಿಗುತ್ತದೆ. ಟ್ರೆಮ್-2 ಅದನ್ನು ಹಿಡಿದು, ಇಲ್ಲಿ ಏನೋ ಹಾಳಾಗಿದೆ, ಕೆಲಸಕ್ಕೆ ಇಳಿ ಅಂತ ಮೈಕ್ರೋಗ್ಲಿಯಾಕ್ಕೆ ಹೇಳುತ್ತದೆ. ನುಂಗಿದ ಕೊಬ್ಬನ್ನು ಅರಗಿಸಿಕೊಳ್ಳುವುದಕ್ಕೂ ಅದೇ ಬೇಕು. ಟ್ರೆಮ್-2 ಇಲ್ಲದ ಮೈಕ್ರೋಗ್ಲಿಯಾಗಳಲ್ಲಿ ಕೊಲೆಸ್ಟರಾಲ್ ಕರಗದೆ ತುಂಬಿಕೊಳ್ಳುವುದನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ.

ಇಷ್ಟಾದರೂ ಹತ್ತು ವರ್ಷ ಟ್ರೆಮ್-2 ಅಂದರೆ ಒಂದು ಅಪರೂಪದ ಕಾಯಿಲೆಯ ಜೀನ್ ಅಷ್ಟೇ ಆಗಿತ್ತು. 2013ರಲ್ಲಿ ಒಂದೇ ಪತ್ರಿಕೆಯಲ್ಲಿ ಎರಡು ಪ್ರಬಂಧಗಳು ಜೊತೆಯಾಗಿ ಬಂದವು. ಒಂದು ಐಸ್‌ಲೆಂಡಿನ ಜನರ ಜೀನುಗಳನ್ನು ಓದಿದ್ದು, ಇನ್ನೊಂದು ಹಲವು ದೇಶಗಳ ತಂಡದ್ದು. ಎರಡೂ ಹೇಳಿದ್ದು ಒಂದೇ: ಟ್ರೆಮ್-2 ಪ್ರೋಟೀನಿನ 47ನೇ ಜಾಗದಲ್ಲಿ ಆರ್ಜಿನೀನ್ ಎಂಬ ಅಮೈನೋ ಆಮ್ಲದ ಬದಲು ಹಿಸ್ಟಿಡೀನ್ ಎಂಬ ಇನ್ನೊಂದು ಕೂತಿದ್ದರೆ, ಒಂದೇ ಪ್ರತಿಯಲ್ಲಿ ಹಾಗಿದ್ದರೂ ಸಾಕು, ವಯಸ್ಸಾದ ಮೇಲೆ ಆಲ್ಝೈಮರ್ ಬರುವ ಸಾಧ್ಯತೆ ಐಸ್‌ಲೆಂಡಿನ ಲೆಕ್ಕದಲ್ಲಿ ಸುಮಾರು ಮೂರು ಪಟ್ಟು ಹೆಚ್ಚು. ಈ ಬದಲಾವಣೆಗೆ ಆರ್47ಎಚ್ ಅಂತ ಕರೆಯುತ್ತಾರೆ. ಇದರಲ್ಲಿ ಸ್ವಿಚ್ ಪೂರ್ತಿ ಕೆಟ್ಟಿರುವುದಿಲ್ಲ, ಸ್ವಲ್ಪ ಬಿಗಿಯಾಗಿರುತ್ತದೆ, ಕೊಬ್ಬನ್ನು ಸರಿಯಾಗಿ ಹಿಡಿಯಲಾರದು. ಪೂರ್ತಿ ಕೆಟ್ಟರೆ ಮೂವತ್ತಕ್ಕೆ ಬರುವ ಕಷ್ಟ, ಅರೆಬರೆ ಕೆಟ್ಟರೆ ಎಪ್ಪತ್ತಕ್ಕೆ ಬರಬಹುದು.

ಆಲ್ಝೈಮರ್‌ನಲ್ಲಿ ನರಕೋಶಗಳ ನಡುವೆ ಅಮಿಲಾಯ್ಡ್ ಎನ್ನುವ ಪ್ರೋಟೀನ್ ಗಟ್ಟಿಯಾಗಿ ಗಂಟು ಕಟ್ಟುತ್ತದೆ. ಮೈಕ್ರೋಗ್ಲಿಯಾಗಳು ಓಡಿ ಬಂದು ಆ ಗಂಟಿನ ಸುತ್ತ ಒತ್ತೊತ್ತಾಗಿ ನಿಲ್ಲುತ್ತವೆ. ಬೇಲಿ ಹಾಕಿದ ಹಾಗೆ. ಗಂಟನ್ನು ಅದುಮಿ ಚಿಕ್ಕದು ಮಾಡುತ್ತವೆ, ಅದರ ವಿಷ ಪಕ್ಕದ ನರತಂತುಗಳಿಗೆ ತಾಗದ ಹಾಗೆ ತಡೆಯುತ್ತವೆ. ಟ್ರೆಮ್-2 ಇಲ್ಲದ ಇಲಿಗಳಲ್ಲೂ, ಆರ್47ಎಚ್ ಇದ್ದು ತೀರಿಕೊಂಡವರ ಮಿದುಳಿನಲ್ಲೂ ಆ ಬೇಲಿ ವಿರಳವಾಗಿತ್ತು, ಗಂಟುಗಳು ಸಡಿಲವಾಗಿ ಹರಡಿದ್ದವು, ಸುತ್ತಲಿನ ನರತಂತುಗಳು ಜಾಸ್ತಿ ಹಾಳಾಗಿದ್ದವು.

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ಈ ಕಾಯಿಲೆಗೆ ಯಾರ ಹೆಸರಿದೆಯೋ ಆ ವೈದ್ಯ ಅಲೋಯಿಸ್ ಆಲ್ಝೈಮರ್ 1907ರಲ್ಲಿ ಇದರ ಮೊದಲ ರೋಗಿಯ ಮಿದುಳಿನ ಬಗ್ಗೆ ಬರೆದಾಗ ಮೂರು ಸಂಗತಿ ಗುರುತಿಸಿದ್ದ. ಹೊರಗಿನ ಗಂಟು, ನರಕೋಶದ ಒಳಗಿನ ಸಿಕ್ಕು, ಮತ್ತು ಗ್ಲಿಯಾ ಕೋಶಗಳಲ್ಲಿ (ಮೈಕ್ರೋಗ್ಲಿಯಾ ಇವುಗಳಲ್ಲಿ ಒಂದು ಬಗೆ) ತುಂಬಿದ ಕೊಬ್ಬು. ಮೊದಲ ಎರಡರ ಹಿಂದೆ ಜಗತ್ತು ನೂರು ವರ್ಷ ಓಡಿತು. ಮೂರನೆಯದನ್ನು ಬಹುತೇಕ ಎಲ್ಲರೂ ಮರೆತರು. ಟ್ರೆಮ್-2 ನಮ್ಮನ್ನು ಮತ್ತೆ ಅದೇ ಕೊಬ್ಬಿನ ಹತ್ತಿರ ತಂದು ನಿಲ್ಲಿಸಿದೆ.

ಹಾಗಾದರೆ ಟ್ರೆಮ್-2ನ್ನು ಜೋರು ಮಾಡುವ ಔಷಧಿ ಕೊಟ್ಟರೆ ಆಯಿತಲ್ಲ? ಇದನ್ನೇ ಅಮೆರಿಕದ ಅಲೆಕ್ಟರ್ ಕಂಪನಿ ಪರೀಕ್ಷಿಸಿ ನೋಡಿತು. ಟ್ರೆಮ್-2ಕ್ಕೆ ಅಂಟಿ ಅದನ್ನು ಚುರುಕು ಮಾಡುವ ಒಂದು ಆಂಟಿಬಾಡಿಯನ್ನು ಆಲ್ಝೈಮರ್‌ನ ಆರಂಭದ ಹಂತದಲ್ಲಿದ್ದವರಿಗೆ ಕೊಟ್ಟರು. 2024ರ ನವೆಂಬರಿನಲ್ಲಿ ಫಲಿತಾಂಶ ಬಂತು. ಕಾಯಿಲೆಯ ವೇಗ ಕಡಿಮೆಯಾಗಲಿಲ್ಲ. ಬೇಸರದ ಸುದ್ದಿಯೇ, ಆದರೆ ಆಶ್ಚರ್ಯದ್ದಲ್ಲ. ಅಮಿಲಾಯ್ಡ್ ಇರುವ ಇಲಿಗಳಲ್ಲಿ ಟ್ರೆಮ್-2 ಇಲ್ಲದಿದ್ದರೆ ನರತಂತುಗಳಿಗೆ ಹಾನಿ ಜಾಸ್ತಿ. ಟಾವ್ ಎನ್ನುವ ಇನ್ನೊಂದು ಪ್ರೋಟೀನಿನ ಸಿಕ್ಕು ಇರುವ ಕೆಲವು ಇಲಿಗಳಲ್ಲಿ ಟ್ರೆಮ್-2 ತೆಗೆದರೆ ಹಾನಿ ಕಡಿಮೆಯಾಗಿದೆ. ಅಂದರೆ ಆರಂಭದಲ್ಲಿ ಕಾಯುವ ಕೋಶವೇ ತಡವಾದ ಮೇಲೆ ಉರಿ ಹೆಚ್ಚಿಸಬಹುದು. ಮರೆವು ಕಾಣಿಸಿಕೊಳ್ಳುವ ಹದಿನೈದು ಇಪ್ಪತ್ತು ವರ್ಷ ಮೊದಲೇ ಅಮಿಲಾಯ್ಡ್ ಸೇರಲು ಶುರುವಾಗಿರುತ್ತದೆ. ಔಷಧಿ ಕೊಡಬೇಕಾದ ಹೊತ್ತು ಆಗಲೇ ಇರಬಹುದು ಅಂತ ನನಗನ್ನಿಸುತ್ತದೆ.

ನಮ್ಮಲ್ಲಿ ಅರವತ್ತಕ್ಕೆ ಅರಳು ಮರಳು ಅನ್ನುತ್ತಾರೆ. ನಮ್ಮ ಅಜ್ಜಿ ದಿನಕ್ಕೆ ಹತ್ತು ಸಲ ಊಟ ಆಯ್ತಾ ಅಂತ ಕೇಳುತ್ತಿದ್ದಾಗ ಮನೆಯಲ್ಲಿ ಎಲ್ಲರೂ ಇದೇ ಗಾದೆ ಹೇಳಿ ಸುಮ್ಮನಾದೆವು. ವೈದ್ಯರ ಹತ್ತಿರ ಕರೆದುಕೊಂಡು ಹೋಗುವಷ್ಟರಲ್ಲಿ ಅವರಿಗೆ ಅಡುಗೆಮನೆ ಎಲ್ಲಿದೆ ಅಂತಲೂ ಗೊತ್ತಾಗುತ್ತಿರಲಿಲ್ಲ. ವಯಸ್ಸಾದವರ ಮರೆವೆಲ್ಲ ಆಲ್ಝೈಮರ್ ಅಲ್ಲ, ಥೈರಾಯ್ಡ್ ತೊಂದರೆ, ಬಿ12 ಕೊರತೆ ಇದ್ದರೂ ಮರೆವು ಬರುತ್ತದೆ, ಅವಕ್ಕೆ ಚಿಕಿತ್ಸೆ ಇದೆ. ತೋರಿಸದೇ ಇದ್ದರೆ ಯಾವುದು ಅಂತ ಗೊತ್ತಾಗುವುದಾದರೂ ಹೇಗೆ? 2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ ಅರವತ್ತು ದಾಟಿದವರಲ್ಲಿ ಶೇ. 7.4 ಜನಕ್ಕೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ (ಆಲ್ಝೈಮರ್ ಸೇರಿದಂತೆ ಮರೆವಿನ ಕಾಯಿಲೆಗಳು) ಇದೆ.

ಇದನ್ನು ಓದಿ ಟ್ರೆಮ್-2 ಪರೀಕ್ಷೆ ಮಾಡಿಸೋಣ ಅಂತ ಯಾರೂ ಹೊರಡಬೇಡಿ. ಆರ್47ಎಚ್ ಯುರೋಪಿನವರಲ್ಲೇ ನೂರಕ್ಕೆ ಒಬ್ಬರಲ್ಲೋ ಅದಕ್ಕಿಂತ ಕಡಿಮೆಯೋ ಸಿಗುವಂಥದ್ದು, ಪೂರ್ವ ಏಷ್ಯಾದವರಲ್ಲಂತೂ ತೀರಾ ಅಪರೂಪ. ಇದ್ದವರಿಗೆಲ್ಲ ಕಾಯಿಲೆ ಬರುವುದೂ ಇಲ್ಲ. ಐಸ್‌ಲೆಂಡಿನವರ ಜೀನ್ ಓದಿ ಕಂಡುಕೊಂಡಿದ್ದು ಕೋಲಾರದವರಿಗೆ ಹಾಗೇ ಹೊಂದುತ್ತದೆ ಅಂತ ಹೇಳುವಂತಿಲ್ಲ. ನಮ್ಮವರ ಜೀನನ್ನು ನಾವೇ ಓದಬೇಕು.

ಆ ಕೆಲಸ ಶುರುವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್ ಸಂಸ್ಥೆ, ದೇಶದ ಹಲವು ಸಂಸ್ಥೆಗಳ ಜೊತೆ ಸೇರಿ ಹತ್ತು ಸಾವಿರ ಭಾರತೀಯರ ಜೀನೋಮ್ ಓದಿದ ಯೋಜನೆಯನ್ನು ನಡೆಸಿಕೊಟ್ಟಿತು. ಅದೇ ಸಂಸ್ಥೆಯವರು ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ನಲವತ್ತೈದು ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತಿದ್ದಾರೆ. ಇನ್ನೂ ಮರೆವು ಬಂದಿಲ್ಲದ, ಹೊಲ ತೋಟ ನೋಡಿಕೊಂಡಿರುವ ಜನ ರಕ್ತ ಕೊಡುತ್ತಾರೆ, ನೆನಪಿನ ಪರೀಕ್ಷೆಗೆ ಕೂರುತ್ತಾರೆ, ಮಿದುಳಿನ ಸ್ಕ್ಯಾನ್ ಮಾಡಿಸಿಕೊಳ್ಳುತ್ತಾರೆ, ಸ್ವಲ್ಪ ಕಾಲ ಬಿಟ್ಟು ಮತ್ತೆ ಬರುತ್ತಾರೆ.